ಮುಕ್ಕಾಲು ಸೆಕೆಂಡಿನ ಗಾಂಧಾರ

ಕಿರುಚಿತ್ರವೊಂದರ ರೀ-ರೆಕಾರ್ಡಿಂಗ್‌ಗೆಂದು ನಾನು ಮಾಡಿದ ಸೆಷನ್ನಿನ ಈವೆಂಟ್ ಲಿಸ್ಟಿನಿಂದ ಕೆಲವು ಸಾಲುಗಳನ್ನು ಇಲ್ಲಿ ಎತ್ತಿಕೊಂಡಿದ್ದೇನೆ. ದೃಶ್ಯ ಇಷ್ಟೇ. ಅಡುಗೆಮನೆಯಲ್ಲಿ ತಾಯಿ, ಹೊರಗೆ ಹೆಜ್ಜೆ ಸಪ್ಪಳ, ಹದಿನಾಲ್ಕನೇ ಸೆಕೆಂಡು ದಾಟುತ್ತಿದ್ದಂತೆ ಬಾಗಿಲು ತೆರೆಯುತ್ತದೆ. ಬಾಗಿಲಿಗೆ ಸ್ವಲ್ಪ ಮುಂಚೆ ಕೊಳಲಿನ ಒಂದೇ ಒಂದು ಸ್ವರ, ಬಾಗಿಲು ತೆರೆದಾಗ ಮೌನ. ಆ ಒಂದು ಸ್ವರಕ್ಕೆ ಎಷ್ಟು ಸಾಲು ಬೇಕಾಯಿತು, ಒಂದೊಂದು ಸಾಲೂ ಏನು ಹೇಳುತ್ತದೆ ಎಂಬುದೇ ಈ ಬರಹ.

ನಮ್ಮಲ್ಲಿ ಹೆಚ್ಚಿನವರು ಕೆಲಸ ಮಾಡುವುದು ಪಿಯಾನೋ ರೋಲ್‌ನಲ್ಲಿ. ಅಲ್ಲಿ ಸ್ವರಗಳು ಬಣ್ಣದ ಪಟ್ಟಿಗಳಾಗಿ ಕಾಣುತ್ತವೆ, ಎಳೆದರೆ ಬರುತ್ತವೆ. ಈವೆಂಟ್ ಲಿಸ್ಟ್ ಬರೀ ಅಂಕಿಗಳ ಪಟ್ಟಿಯಾದ್ದರಿಂದ ಅದನ್ನು ಯಾರೂ ತೆರೆಯುವುದಿಲ್ಲ. ಆದರೆ ಏನೋ ಸರಿಯಿಲ್ಲ ಎಂದು ಕಿವಿ ಹೇಳಿದಾಗ ಕಾರಣ ಸಿಗುವುದು ಈ ಪಟ್ಟಿಯಲ್ಲೇ.

1.1.000 — ಟೆಂಪೋ — 84.21

ಮೊದಲ ಬಾರ್, ಮೊದಲ ಬೀಟ್, ಸೊನ್ನೆಯ ಟಿಕ್. 84 ಎಂದು ಪೂರ್ಣಾಂಕ ಇಡದೆ ಈ 21 ಯಾಕೆ ಎಂದು ಕೇಳುವವರಿದ್ದಾರೆ. ಟೆಂಪೋವನ್ನು ಕೊಟ್ಟದ್ದು ಚಿತ್ರ. ಬಾಗಿಲು ತೆರೆಯುವುದು ದೃಶ್ಯ ಶುರುವಾಗಿ 14 ಸೆಕೆಂಡು 6 ಫ್ರೇಮಿಗೆ. ಸಿನಿಮಾದಲ್ಲಿ ಸೆಕೆಂಡಿಗೆ 24 ಫ್ರೇಮ್, ಹಾಗಾಗಿ ಅದು 14.25 ಸೆಕೆಂಡು. ನನಗೆ ಆ ಬಾಗಿಲು ಆರನೇ ಬಾರಿನ ಮೊದಲ ಪೆಟ್ಟಿಗೆ ಬೀಳಬೇಕಿತ್ತು. ಅಂದರೆ ಅದಕ್ಕೆ ಮುಂಚೆ ನಾಲ್ಕು ಬೀಟಿನ ಐದು ಬಾರ್, ಒಟ್ಟು 20 ಬೀಟ್ ಮುಗಿದಿರಬೇಕು. ಇಪ್ಪತ್ತನ್ನು ಅರವತ್ತರಿಂದ ಗುಣಿಸಿ 14.25ರಿಂದ ಭಾಗಿಸಿದರೆ 84.21. ಮೊದಲು 80ರಲ್ಲಿ ಮಾಡಿ ನೋಡಿದ್ದೆ. ಆಗ ಬಾಗಿಲು ಐದನೇ ಬಾರಿನ ನಾಲ್ಕನೇ ಬೀಟಿಗೆ ಬಿದ್ದು, ಲಯ ಅಲ್ಲಿ ಮುಗ್ಗರಿಸಿದಂತಾಯಿತು. ನಾಲ್ಕು ಅಂಕಿಯ ಏರಿಕೆ ಕಿವಿಗೆ ಭಾರವಾಗಲಿಲ್ಲ, ಕಣ್ಣಿಗೆ ಮಾತ್ರ ಎಲ್ಲವೂ ಕೂಡಿಬಂತು.

1.1.000 — ಪ್ರೋಗ್ರಾಂ ಚೇಂಜ್ — 74

ಜನರಲ್ ಮಿಡಿ ಪಟ್ಟಿಯಲ್ಲಿ 74 ಎಂದರೆ ಕೊಳಲು. ಇವತ್ತಿನ ಸ್ಯಾಂಪ್ಲರ್‌ಗಳಲ್ಲಿ ನಾವೇ ವಾದ್ಯ ತೆರೆಯುವುದರಿಂದ ಈ ಸಾಲಿಗೆ ಕೆಲಸ ಕಡಿಮೆ. 1991ರಲ್ಲಿ ಬಂದ ಆ 128 ವಾದ್ಯಗಳ ಪಟ್ಟಿಯಲ್ಲಿ ಸಿತಾರ್‌ಗೆ 105, ಶಹನಾಯಿಗೆ 112 ಇದೆ. ವೀಣೆಯೂ ಇಲ್ಲ, ನಾಗಸ್ವರವೂ ಇಲ್ಲ ಎಂಬ ನೋವು ನನಗೆ ಇವತ್ತಿಗೂ ಇದೆ.

1.1.000 — ಸಿಸಿ 101: 0, ಸಿಸಿ 100: 0, ಸಿಸಿ 6: 2

ಮೂರು ಕಂಟ್ರೋಲರ್‌ಗಳು ಸೇರಿ ಹೇಳುವ ಒಂದೇ ಮಾತು: ಪಿಚ್ ಬೆಂಡ್ ಚಕ್ರವನ್ನು ಪೂರ್ತಿ ತಿರುಗಿಸಿದರೆ ಸ್ವರ ಎರಡು ಸೆಮಿಟೋನ್ ಸರಿಯಲಿ. ಇದೇ ರೂಢಿಯ ಅಳತೆಯಾದ್ದರಿಂದ ಹೆಚ್ಚಿನವರು ಈ ಸಾಲು ಬರೆಯುವುದೇ ಇಲ್ಲ. ನಾನೂ ಬರೆಯುತ್ತಿರಲಿಲ್ಲ. ಒಮ್ಮೆ ಫೈಲನ್ನು ಮಿಕ್ಸಿಂಗ್‌ಗೆಂದು ಬೇರೆ ಸ್ಟುಡಿಯೋಗೆ ಕಳಿಸಿದೆ. ಅಲ್ಲಿನ ಕೊಳಲಿನ ಬೆಂಡ್ ಅಳತೆ 12ಕ್ಕೆ ಇತ್ತು. ರಿಷಭಕ್ಕೆ ಇಳಿಯಬೇಕಾದ ಸ್ವರ ಷಡ್ಜವನ್ನೂ ದಾಟಿ ಕೆಳಗಿನ ಧೈವತಕ್ಕೆ ಹೋಗಿ ಬಿತ್ತು. ಬೆಂಡ್ ಸಾಲಿನಲ್ಲಿರುವುದು ಚಕ್ರ ಎಷ್ಟು ತಿರುಗಿತು ಎಂಬುದಷ್ಟೆ. ಸ್ವರ ಎಷ್ಟು ಸರಿಯಬೇಕೆಂಬುದನ್ನು ವಾದ್ಯ ತೀರ್ಮಾನಿಸುತ್ತದೆ. ಎಲ್ಲ ಸ್ಯಾಂಪ್ಲರ್‌ಗಳೂ ಈ ಮೂರು ಕಂಟ್ರೋಲರ್‌ಗಳ ಮಾತು ಕೇಳುವುದಿಲ್ಲ. ಅದಕ್ಕೇ ಈಗ ಟ್ರ್ಯಾಕಿನ ಹೆಸರಿನಲ್ಲೂ "ಬೆಂಡ್ 2" ಎಂದು ಬರೆದಿಡುತ್ತೇನೆ.

5.3.912 — ನೋಟ್ ಆನ್ — 76, ವೆಲಾಸಿಟಿ 58

76 ಎಂದರೆ ಇ. ಈ ಕೊಳಲಿನ ಶ್ರುತಿ ಹಾರ್ಮೋನಿಯಂನ ಕಪ್ಪು ಒಂದು, ಅಂದರೆ ಸಿ ಶಾರ್ಪ್ ಷಡ್ಜ. ಹಾಗಾಗಿ 76 ಸಾಧಾರಣ ಗಾಂಧಾರವಾಗುತ್ತದೆ. ಸಂಖ್ಯೆಯನ್ನೇ ನಂಬುವುದು ಒಳ್ಳೆಯದು. ಇದೇ ಸ್ವರವನ್ನು ಯಮಹಾ ರೂಢಿಯಲ್ಲಿ ಇ4 ಎನ್ನುತ್ತಾರೆ, ರೋಲ್ಯಾಂಡ್ ರೂಢಿಯಲ್ಲಿ ಇ5. ಹೆಸರು ಹಿಡಿದು ಹೊರಟರೆ ಒಂದು ಸ್ಥಾಯಿಯೇ ತಪ್ಪಿಹೋಗುತ್ತದೆ.

ವೆಲಾಸಿಟಿ 1ರಿಂದ 127ರವರೆಗೆ ಹೋಗಬಲ್ಲದು. ಸೊನ್ನೆ ಬಂದರೆ ಅದು ನೋಟ್ ಆಫ್ ಎಂದೇ ಲೆಕ್ಕ. 58 ಎಂದರೆ ತುಟಿ ಮೃದುವಾಗಿ ಊದಿದ್ದು. ಇನ್ನೂ ಜೋರಾಗಿ ಕೊಟ್ಟರೆ ಈ ಕೊಳಲಿನ ಸ್ಯಾಂಪಲ್ ಬೇರೆ ಪದರಕ್ಕೆ ಹಾರಿ, ಆರಂಭದಲ್ಲೇ ಗಾಳಿಯ ಸಿಡಿತ ಕೇಳುತ್ತದೆ.

ನಾನು ತುಂಬ ಹೊತ್ತು ಕೂತದ್ದು ಈ 912ರ ಮೇಲೆ. ಒಂದು ಬೀಟಿಗೆ 960 ಟಿಕ್. ಪ್ರೊ ಟೂಲ್ಸ್, ರೀಪರ್‌ಗಳಲ್ಲಿ ಇದೇ ಲೆಕ್ಕ. ನಾಲ್ಕನೇ ಬೀಟಿಗೆ ಇನ್ನೂ 48 ಟಿಕ್ ಇರುವಾಗಲೇ ಸ್ವರ ಹೊರಟಿದೆ. ಈ ಟೆಂಪೋದಲ್ಲಿ ಅದು ಸುಮಾರು 36 ಮಿಲಿಸೆಕೆಂಡು, ಒಂದು ಫ್ರೇಮಿಗಿಂತ ಸ್ವಲ್ಪ ಕಡಿಮೆ. ಕೊಳಲಿಗೆ ಗಾಳಿ ತುಂಬಿ ನಾದ ಕಟ್ಟಲು ಅಷ್ಟು ಹೊತ್ತು ಬೇಕು. ಬೀಟಿನ ಮೇಲೆ ಸರಿಯಾಗಿ ಇಟ್ಟರೆ ಕಿವಿಗೆ ತಡವಾಗಿ ಕೇಳುತ್ತದೆ. ಕ್ವಾಂಟೈಸ್ ಒತ್ತಿದ ಕೂಡಲೇ ಈ 48 ಟಿಕ್ ಮಾಯವಾಗುತ್ತದೆ, ಪರದೆಯ ಮೇಲೆ ಎಲ್ಲವೂ ನೇರವಾಗಿ ನಿಲ್ಲುತ್ತದೆ, ಕೊಳಲು ಮಾತ್ರ ಲಯಕ್ಕೆ ಹಿಂದೆ ಬೀಳುತ್ತದೆ.

5.4.000 — ಪಿಚ್ ಬೆಂಡ್ — −4096
5.4.170 — ಪಿಚ್ ಬೆಂಡ್ — +5200
5.4.330 — ಪಿಚ್ ಬೆಂಡ್ — −3900
5.4.520 — ಪಿಚ್ ಬೆಂಡ್ — +4100
5.4.760 — ಪಿಚ್ ಬೆಂಡ್ — −600

ಇವುಗಳ ನಡುವೆ ಇನ್ನೂ ಹತ್ತಾರು ಚುಕ್ಕಿಗಳಿವೆ. ತಿರುವುಗಳನ್ನು ಮಾತ್ರ ತೋರಿಸಿದ್ದೇನೆ. ಇಡೀ ಪಟ್ಟಿಯ ಜೀವ ಇರುವುದು ಇಲ್ಲಿ.

ಖರಹರಪ್ರಿಯದ ಗಾಂಧಾರ ನಿಂತ ಸ್ವರವಲ್ಲ. ರಿಷಭದ ಕಡೆಯಿಂದ ಎದ್ದು, ಮಧ್ಯಮದ ಕಡೆಗೆ ತೂಗಿ, ಮತ್ತೆ ಇಳಿಯುವ ಓಲಾಟವೇ ಆ ಗಾಂಧಾರ. ಪಿಯಾನೋದ ಒಂದು ಮನೆ ಒತ್ತಿದರೆ ಅದು ಬರುವುದಿಲ್ಲ. 1983ರ ಜನವರಿಯಲ್ಲಿ, ಅಮೆರಿಕದ ನ್ಯಾಮ್ ಮೇಳದಲ್ಲಿ, ಸೀಕ್ವೆನ್ಶಿಯಲ್‌ನವರ ಪ್ರಾಫೆಟ್-600 ಮತ್ತು ರೋಲ್ಯಾಂಡ್‌ನವರ ಜೂಪಿಟರ್-6 ಎರಡನ್ನೂ ಒಂದು ಕೇಬಲ್‌ನಿಂದ ಜೋಡಿಸಿ ಮಿಡಿಯನ್ನು ಲೋಕಕ್ಕೆ ತೋರಿಸಿದಾಗ ಎದುರಿಗಿದ್ದದ್ದು ಕೀಬೋರ್ಡು. ಆದರೂ ಡೇವ್ ಸ್ಮಿತ್, ಇಕುತಾರೊ ಕಾಕೆಹಾಶಿ ಮತ್ತವರ ಜೊತೆಗಾರರು ಪಿಚ್ ಬೆಂಡಿಗೆ ಮಾತ್ರ ವಿಶೇಷ ಅಳತೆ ಕೊಟ್ಟರು. ವೆಲಾಸಿಟಿಯಂಥವಕ್ಕೆ 128 ಮೆಟ್ಟಿಲಾದರೆ ಬೆಂಡಿಗೆ 16,384. ಸ್ವರ ಜಾರುವಾಗ ಮೆಟ್ಟಿಲು ಕೇಳಿಸಬಾರದು ಎಂಬ ಈ ಎಚ್ಚರದಿಂದಲೇ ನಮ್ಮ ಗಮಕಕ್ಕೂ ಜಾಗ ಸಿಕ್ಕಿತು.

ಈಗ ಅಂಕಿಗಳನ್ನು ಓದೋಣ. ಎರಡು ಸೆಮಿಟೋನಿನ ಅಳತೆಯಲ್ಲಿ 4096 ಎಂದರೆ ಒಂದು ಸೆಮಿಟೋನ್. ಮೊದಲ ಸಾಲಿನ −4096 ಚತುಶ್ರುತಿ ರಿಷಭ. ಸ್ವರ ಅಲ್ಲಿಂದ ಎದ್ದಿದೆ. ಎರಡನೆಯದು +5200, ಮಧ್ಯಮದ ದಾರಿಯಲ್ಲಿ ಅರ್ಧಕ್ಕಿಂತ ಮುಂದೆ. ಮಧ್ಯಮವನ್ನು ಮುಟ್ಟಿಲ್ಲ, ಮುಟ್ಟಬಾರದು ಎಂದು ನನ್ನ ಕಿವಿ ಹೇಳಿತು. ಮೂರನೆಯದು −3900, ರಿಷಭಕ್ಕೆ ಕೂದಲೆಳೆ ಮೇಲೆ. ನಾಲ್ಕನೆಯ ಏರು ಮೊದಲ ಏರಿಗಿಂತ ಚಿಕ್ಕದು. ಐದನೆಯದು ಗಾಂಧಾರದ ಹತ್ತಿರ ಬಂದು ಕೂತಿದೆ. ತಿರುವುಗಳ ನಡುವಿನ ಅಂತರವನ್ನೂ ನೋಡಿ: 170, 160, 190, 240. ಒಂದೊಂದು ಸಲವೂ ಬೇರೆ, ಕೊನೆಗೆ ನಿಧಾನ. ಉಸಿರು ತೀರುತ್ತಿರುವವನ ಓಲಾಟ ಹೀಗೇ ಇರುತ್ತದೆ. ಇದನ್ನು ನಾನು ಮೌಸಿನಲ್ಲಿ ಬರೆದದ್ದಲ್ಲ. ಬಾಯಲ್ಲಿ ಹಾಡಿಕೊಳ್ಳುತ್ತಾ ಎಡಗೈಯಲ್ಲಿ ಚಕ್ರ ತಿರುಗಿಸಿ ಹನ್ನೊಂದು ಸಲ ರೆಕಾರ್ಡ್ ಮಾಡಿದೆ. ಇಲ್ಲಿರುವುದು ಒಂಬತ್ತನೆಯದು.

ಸಾಮಾನ್ಯವಾಗಿ ಕ್ವಾಂಟೈಸ್ ನೋಟುಗಳನ್ನಷ್ಟೇ ಸರಿಸುತ್ತದೆ. ಕಂಟ್ರೋಲರ್‌ಗಳನ್ನೂ ಜೊತೆಗೆ ಎಳೆಯುವ ಆಯ್ಕೆ ಕೆಲವು ತಂತ್ರಾಂಶಗಳಲ್ಲಿದೆ, ಅದನ್ನು ಆನ್ ಮಾಡಿ ಮರೆತವರಿಗೆ ಆಗುವ ನಷ್ಟ ದೊಡ್ಡದು. ಈ ಐದು ಸಾಲನ್ನು ಹದಿನಾರನೇ ಭಾಗಕ್ಕೆ, ಅಂದರೆ 240 ಟಿಕ್‌ಗೊಂದು ಗೆರೆಗೆ ಎಳೆದರೆ 170ರಲ್ಲಿದ್ದ ಏರೂ 330ರಲ್ಲಿದ್ದ ಇಳಿತವೂ ಎರಡೂ 240ಕ್ಕೇ ಬಂದು ಕೂರುತ್ತವೆ. ಒಂದೇ ಕ್ಷಣದಲ್ಲಿ ಸ್ವರ ಮೇಲೂ ಕೆಳಗೂ ಇರಲಾರದು, ಒಂದು ಸತ್ತೇ ಹೋಗುತ್ತದೆ. ಹಾಗೆಯೇ, ಒಂದೇ ಅಳತೆಯ ಅಲೆಯನ್ನು ಎಲ್‌ಎಫ್‌ಓದಿಂದ ಹಚ್ಚುವವರಿದ್ದಾರೆ. ಅದು ಕಂಪನ ಹೌದು, ಗಮಕವಲ್ಲ.

5.4.000 — ಸಿಸಿ 11 — 70
5.4.900 — ಸಿಸಿ 11 — 104

ಸಿಸಿ 11 ಎಕ್ಸ್‌ಪ್ರೆಶನ್, ಸಿಸಿ 7 ವಾಲ್ಯೂಮ್. ಎರಡೂ ಸದ್ದು ಏರಿಸುತ್ತವೆ, ಆದರೆ ಎರಡನೆಯದು ಮಿಕ್ಸರ್ ಮುಂದೆ ಕೂತವನ ಕೈ, ಮೊದಲನೆಯದು ಕೊಳಲೂದುವವನ ಎದೆ. ಹಿಗ್ಗುವ ಉಸಿರನ್ನು ಸಿಸಿ 7ರಲ್ಲಿ ಬರೆದರೆ ಆಮೇಲೆ ಇಡೀ ಕೊಳಲನ್ನು ಸ್ವಲ್ಪ ತಗ್ಗಿಸಬೇಕೆಂದಾಗ ಉಸಿರೂ ಕೆಟ್ಟುಹೋಗುತ್ತದೆ.

ಈ ಏರಿಕೆಯ ಬಗ್ಗೆ ನಿರ್ದೇಶಕ ಹುಡುಗ ತಕರಾರು ತೆಗೆದ. "ಸರ್, ಬಾಗಿಲು ತೆಗೆಯೋಕ್ಕಿಂತ ಮುಂಚೆನೇ ಕೊಳಲು ಅತ್ತುಬಿಡ್ತಲ್ಲ?"

"ಬಂದಿರೋದು ಯಾರು ಅಂತ ಅಮ್ಮಂಗೆ ಹೆಜ್ಜೆ ಸದ್ದಲ್ಲೇ ಗೊತ್ತಾಗಿದೆ ಕಣಪ್ಪ," ಎಂದೆ. ಇನ್ನೊಂದು ಸಲ ನೋಡಿ ಸುಮ್ಮನಾದ.

6.1.000 — ನೋಟ್ ಆಫ್ — 76
6.1.480 — ಪಿಚ್ ಬೆಂಡ್ — 0

ಸ್ವರ ಮುಗಿಯಿತು. ಹೊರಟಲ್ಲಿಂದ ಇಲ್ಲಿಗೆ 1008 ಟಿಕ್, ಮುಕ್ಕಾಲು ಸೆಕೆಂಡು. ಬೆಂಡನ್ನು ಸೊನ್ನೆಗೆ ತರದಿದ್ದರೆ ಮುಂದಿನ ಸ್ವರ ಶ್ರುತಿ ತಪ್ಪುತ್ತದೆ. ಆದರೆ ತಕ್ಷಣ ತಂದರೆ, ಕೊಳಲಿನ ಬಾಲದ ನಾದ ಇನ್ನೂ ಉಳಿದಿರುವುದರಿಂದ, ಅದು ಜಾರಿದ್ದು ಕೇಳಿಬಿಡುತ್ತದೆ. ಬೆಂಡ್ ಅನ್ವಯಿಸುವುದು ಇಡೀ ಚಾನೆಲ್‌ಗೆ. ಅದಕ್ಕೇ ಅರ್ಧ ಬೀಟ್ ಕಾದು, ಮೌನದಲ್ಲಿ ಮರಳಿ ತಂದಿದ್ದೇನೆ. ಒಂದೊಂದು ಸ್ವರಕ್ಕೂ ಬೇರೆ ಬೆಂಡ್ ಕೊಡುವ ಎಂಪಿಇ 2018ರಲ್ಲಿ, ಮಿಡಿ 2.0 2020ರಲ್ಲಿ ಬಂದಿವೆ. ವೀಣೆ ಪ್ರೋಗ್ರಾಮ್ ಮಾಡುವವರಿಗೆ ಇವೆರಡೂ ದೊಡ್ಡ ಉಪಕಾರ, ಒಂದು ತಂತಿ ಜಾರುವಾಗ ಉಳಿದವು ನಿಂತಲ್ಲೇ ನಿಲ್ಲುತ್ತವೆ.

6.1.000 — ತಂಬೂರಿ ಟ್ರ್ಯಾಕ್ — ವಾಲ್ಯೂಮ್ ಆಟೋಮೇಶನ್ — −9.5 ಡಿಬಿಯಿಂದ ಮೌನಕ್ಕೆ

ಇದು ಮಿಡಿ ಈವೆಂಟ್ ಅಲ್ಲ, ಟ್ರ್ಯಾಕ್ ಆಟೋಮೇಶನ್. ಮೇಲಿನ ಸಿಸಿಗಳು ಕ್ಲಿಪ್ಪಿನ ಹೊಟ್ಟೆಯೊಳಗಿವೆ, ಕ್ಲಿಪ್ ಹೋದಲ್ಲಿಗೆ ಹೋಗುತ್ತವೆ. ಇದು ಟ್ರ್ಯಾಕಿನ ನೆಲಕ್ಕೆ ನೆಟ್ಟದ್ದು, ಕ್ಲಿಪ್ ಸರಿಸಿದರೂ ಅಲ್ಲೇ ಉಳಿಯಬಲ್ಲದು. ಎರಡೂ ಒಟ್ಟಿಗೆ ಸಾಗುವ ಆಯ್ಕೆ ಕ್ಯೂಬೇಸ್, ಲಾಜಿಕ್, ರೀಪರ್ ಮೂರರಲ್ಲೂ ಬೇರೆ ಬೇರೆ ಹೆಸರಿನಲ್ಲಿದೆ. ಕೆಲಸ ಶುರುಮಾಡುವ ಮುನ್ನ ಅದು ಆನ್ ಇದೆಯೋ ಆಫ್ ಇದೆಯೋ ನೋಡಿಕೊಳ್ಳಿ.

01:00:14:06 — ವಿಡಿಯೋ — ಕಟ್ — ಬಾಗಿಲು

ಇಷ್ಟು ಹೊತ್ತು ಬಾರ್, ಬೀಟ್, ಟಿಕ್ ಆಗಿದ್ದ ಎಡಗಡೆಯ ಅಂಕಿ ಇಲ್ಲಿ ಗಂಟೆ, ನಿಮಿಷ, ಸೆಕೆಂಡು, ಫ್ರೇಮ್ ಆಗಿದೆ. ಚಿತ್ರದ ಮೊದಲ ಫ್ರೇಮ್ ಒಂದು ಗಂಟೆಗೆ ಶುರುವಾಗುವುದು ರೂಢಿ, ಅದಕ್ಕೆ ಎರಡು ಸೆಕೆಂಡು ಮುಂಚೆ, 00:59:58:00ಕ್ಕೆ, ಹೊಂದಿಕೆ ನೋಡಲು ಒಂದು ಫ್ರೇಮಿನ ಬೀಪ್ ಇರುತ್ತದೆ. ವಿಡಿಯೋಗೆ ಟೆಂಪೋ ಗೊತ್ತಿಲ್ಲ. ಟೆಂಪೋ ಬದಲಿಸಿದರೆ ಮೇಲಿನ ನೋಟುಗಳೆಲ್ಲ ಸರಿಯುತ್ತವೆ, ಈ ಸಾಲು ಅಲುಗುವುದಿಲ್ಲ. ಒಂದೇ ಪಟ್ಟಿಯಲ್ಲಿ ಎರಡು ಗಡಿಯಾರಗಳಿವೆ. ಯಾವ ಈವೆಂಟ್ ಯಾವ ಗಡಿಯಾರಕ್ಕೆ ಕಟ್ಟಿದೆ ಎಂದು ತಿಳಿಯದೆ ಎಡಿಟ್ ಮಾಡಲು ಕೂರಬಾರದು.

ಇದರ ಪರೀಕ್ಷೆ ಬೇಗ ಬಂತು. ಹೆಜ್ಜೆಗಳು ಉದ್ದವಾದವೆಂದು ಸಂಕಲನಕಾರರು ಒಂಬತ್ತು ಫ್ರೇಮ್ ತೆಗೆದರು. ಬಾಗಿಲು 13 ಸೆಕೆಂಡು 21 ಫ್ರೇಮಿಗೆ ಬಂತು, ಅಂದರೆ 13.875 ಸೆಕೆಂಡು. ಮತ್ತೆ ಅದೇ ಭಾಗಾಕಾರ: 86.49. ಟೆಂಪೋ ಬದಲಿಸಿದ ಕೂಡಲೇ ಕೊಳಲು ಬಾಗಿಲಿಗೆ ಸರಿಯಾಗಿ ಬಂದು ನಿಂತಿತು. ತಂಬೂರಿ ನಿಲ್ಲಲಿಲ್ಲ. ಆ ಟ್ರ್ಯಾಕನ್ನು ನಾನು ಕಾಲಕ್ಕೆ ಕಟ್ಟಿದ್ದೆ, ಟೆಂಪೋಗೆ ಕಟ್ಟಿರಲಿಲ್ಲ. ಅದು ಹಳೆಯ 14.25ರಲ್ಲೇ, ತೆರೆದ ಬಾಗಿಲಾಚೆಗೂ ಒಂಬತ್ತು ಫ್ರೇಮ್ ಮೊಳಗಿತು. ಮೌನ ಬೇಕಿದ್ದ ಜಾಗದಲ್ಲಿ ಅದೊಂದು ದೊಡ್ಡ ಗಾಯ. ಟ್ರ್ಯಾಕನ್ನು ಟೆಂಪೋಗೆ ಕಟ್ಟಿ, ಮೌನದ ಚುಕ್ಕಿಯನ್ನು 6.1.000ಕ್ಕೆ ತಂದೆ. ರೆಕಾರ್ಡ್ ಮಾಡಿದ ಹೆಜ್ಜೆ ಸಪ್ಪಳವನ್ನು ಮಾತ್ರ ಚಿತ್ರದ ಗಡಿಯಾರದಲ್ಲೇ ಬಿಟ್ಟೆ.

ಗಮಕವೂ ನೂರಕ್ಕೆ ಮೂರರಷ್ಟು ಚುರುಕಾಗಿತ್ತು. ಮೂರು ಸಲ ಕೇಳಿದೆ, ಕೆಟ್ಟಿರಲಿಲ್ಲ, ಹಾಗೇ ಬಿಟ್ಟೆ. ಟೆಂಪೋ ಇನ್ನೂ ಏರಿದ್ದರೆ ಬೆಂಡಿನ ಚುಕ್ಕಿಗಳನ್ನು ಹಳೆಯ ವೇಗಕ್ಕೆ ಹಿಗ್ಗಿಸಲು ಹೋಗುತ್ತಿರಲಿಲ್ಲ, ಮತ್ತೊಮ್ಮೆ ಹಾಡಿಕೊಂಡು ಚಕ್ರ ತಿರುಗಿಸುತ್ತಿದ್ದೆ.

ಈಗ ಆ ಬಾಗಿಲು ತೆರೆಯುವುದು 01:00:13:21ಕ್ಕೆ. ಗಾಂಧಾರ ಹೊರಡುವುದು 5.3.912ಕ್ಕೇ.