ದಿಬ್ಬಣದ ಮುಂದೆ ನಡೆಯುವವರು

ಸಂಗೀತ ವಿಮರ್ಶೆ ಅಂದಕೂಡಲೆ ನಮ್ಮಲ್ಲಿ ರಾಗ, ತಾಳ, ಘರಾನೆ, ಗುರುಪರಂಪರೆಯ ಮಾತು ಶುರುವಾಗುತ್ತದೆ. ಬೀದಿಯಲ್ಲಿ ನಡೆದುಕೊಂಡು ನುಡಿಸುವ ಸಂಗೀತಕ್ಕೆ ಆ ಮಾತಿನಲ್ಲಿ ಜಾಗವಿಲ್ಲ. ಕೂತು ಕೇಳಿಸಿಕೊಳ್ಳುವುದು ಕಲೆ, ಜೊತೆಗೆ ನಡೆದು ಕುಣಿಯುವುದು ಗದ್ದಲ ಎಂಬ ಈ ವಿಂಗಡಣೆ ಬರೀ ಅಭಿರುಚಿಯ ಸಂಗತಿಯಲ್ಲ, ಜಾತಿಯ ಸಂಗತಿ. ಮದುವೆ ಮನೆಯ ಬ್ಯಾಂಡ್‌ಸೆಟ್ಟಿನವರನ್ನು ಕಲಾವಿದರೆಂದು ಕರೆದ ವಿಮರ್ಶಕರು ನಮ್ಮಲ್ಲಿ ಎಷ್ಟು ಮಂದಿ ಇದ್ದಾರೆ? ಅದೇ ಬ್ಯಾಂಡು ಅಮೆರಿಕದಲ್ಲಿ ವೇದಿಕೆ ಹತ್ತಿ, ಟಿಕೆಟ್ಟು ಕೊಂಡವರ ಎದುರು ನಿಂತಾಗ ಏನಾಗುತ್ತದೆ ಅನ್ನೋದು ಈ ಬರಹದ ಪ್ರಶ್ನೆ.

ತಂಡದ ಹೆಸರು ರೆಡ್ ಬರಾತ್. ಬರಾತ್ ಅಂದರೆ ಗಂಡಿನ ದಿಬ್ಬಣ. ಅಮೆರಿಕದಲ್ಲೇ ಹುಟ್ಟಿ ಬೆಳೆದ, ಪಂಜಾಬಿ ಮನೆತನದ ಜಾಝ್ ಡ್ರಮ್ ವಾದಕ ಸನ್ನಿ ಜೈನ್ 2008ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಇದನ್ನು ಕಟ್ಟಿದರು. ನಡುವೆ ಅವರ ಢೋಲು. ಸುತ್ತ ಟ್ರಂಪೆಟ್, ಟ್ರಾಂಬೋನ್, ಸ್ಯಾಕ್ಸೊಫೋನ್, ಮೈಗೆ ಸುತ್ತಿಕೊಂಡು ನಿಲ್ಲುವ ಸೂಸಾಫೋನ್. ಪಂಜಾಬಿನ ಭಾಂಗ್ರಾ, ಕಪ್ಪು ಜನರ ಜಾಝ್ ಮತ್ತು ಫಂಕ್ ಇಲ್ಲಿ ಬೆರೆಯುತ್ತವೆ. 2010ರಲ್ಲಿ ಬಂದ ಇವರ ಮೊದಲ ಧ್ವನಿಮುದ್ರಿಕೆ 'ಚಾಲ್ ಬೇಬಿ'. ಚಾಲ್ ಅಂದರೆ ನಡಿಗೆ. ಭಾಂಗ್ರಾ ಢೋಲಿನ ಮೂಲ ಲಯಕ್ಕೂ ಅದೇ ಹೆಸರು. ನಡಿಗೆಯೇ ತಾಳವಾಗಿರುವ ಸಂಗೀತ ಇದು.

ಜಾತಿಯನ್ನು ಕುರಿತ ಒಂದು ವಿಚಾರಸಂಕಿರಣಕ್ಕೆಂದು ಆ ಊರಿಗೆ ಹೋಗಿದ್ದಾಗ, ಹೋಳಿಯ ಹೊತ್ತಿಗೆ, ಗೆಳೆಯರೊಬ್ಬರ ಜೊತೆ ಇವರನ್ನು ನೋಡಿದೆ. ಕುರ್ಚಿಗಳಿಲ್ಲದ ಸಭಾಂಗಣ. ಢೋಲಿನ ಎಡಬದಿಗೆ ಬಾಗಿದ ಕೋಲು ಬಿತ್ತು ನೋಡಿ, ಆ ಪೆಟ್ಟು ಕಿವಿಗೆ ಬರುವ ಮೊದಲೇ ಎದೆಗೆ ಬಂತು. ಬಲಬದಿಯ ತೆಳು ಕಡ್ಡಿ ಅದರ ಮೇಲೆ ಚಟಚಟನೆ ಲಯ ಕಟ್ಟುತ್ತಿತ್ತು. ಹಿತ್ತಾಳೆಯ ವಾದ್ಯಗಳು ಒಟ್ಟಿಗೆ ಎದ್ದಾಗ ಬಿಳಿಯರು, ಕರಿಯರು, ನಮ್ಮ ದೇಶದ ಸಾಫ್ಟ್‌ವೇರಿನವರು ಎಲ್ಲ ಒಂದೇ ಗುಂಪಾಗಿ ಎಗರಿದರು. ನಾನೂ ಎಗರಿದೆ. ಈ ಸಂತೋಷ ಸುಳ್ಳಲ್ಲ. ಮೈಯನ್ನು ಮೈಲಿಗೆ ಎಂದು ದೂರ ಇಟ್ಟ ಸಮಾಜದಿಂದ ಬಂದವನಿಗೆ, ಗುರುತಿಲ್ಲದ ನೂರಾರು ಜನರ ಹೆಗಲಿಗೆ ಹೆಗಲು ತಾಗಿಸಿ ಬೆವರುವುದು ಸಣ್ಣ ಅನುಭವವೇನಲ್ಲ. ಆದರೆ ಎಲ್ಲರನ್ನೂ ಒಂದುಮಾಡುವ ಸಂಗೀತ ಇದು ಎಂದು ಹೇಳಿ ವಿಮರ್ಶೆ ಅಲ್ಲಿಗೇ ನಿಂತರೆ, ಅದು ದಿಬ್ಬಣವನ್ನು ನೋಡಿದೆ, ದಿಬ್ಬಣದ ಮುಂದೆ ನಡೆಯುವವರನ್ನು ನೋಡಿಲ್ಲ ಎಂದೇ ಅರ್ಥ.

ಈ ಹಿತ್ತಾಳೆ ನಮ್ಮಲ್ಲಿಗೆ ಬಂದದ್ದು ಬ್ರಿಟಿಷ್ ಪಲ್ಟನ್ನುಗಳ ಜೊತೆ. ಅದನ್ನು ನೋಡಿ ರಾಜಮಹಾರಾಜರು ತಮ್ಮವೇ ಬ್ಯಾಂಡುಗಳನ್ನು ಇಟ್ಟರು; ಮೈಸೂರು ಅರಮನೆಯಲ್ಲೂ ಇಂಗ್ಲಿಷ್ ಬ್ಯಾಂಡ್ ಇತ್ತು. ಬೀದಿಗೆ ಬಂದಾಗ ಅದನ್ನು ಎತ್ತಿಕೊಂಡವರು ಯಾರು? ಅಲ್ಲಿಯವರೆಗೂ ಮೆರವಣಿಗೆಗಳಲ್ಲಿ ಡೋಲು, ವಾಲಗ ನುಡಿಸುತ್ತಿದ್ದ ಕೆಳಜಾತಿಯವರು, ಬಡ ಮುಸ್ಲಿಮರು. ಗ್ರೆಗೊರಿ ಬೂತ್ ಎಂಬ ವಿದ್ವಾಂಸ 2005ರಲ್ಲಿ ತಂದ 'ಬ್ರಾಸ್ ಬಾಜಾ' ಪುಸ್ತಕ ಈ ಬ್ಯಾಂಡಿನವರ ಬದುಕನ್ನು ಊರೂರು ಸುತ್ತಿ ದಾಖಲಿಸಿದೆ. ವಾದ್ಯ ಬದಲಾಯಿತು, ಅಂಗಿಯ ಮೇಲೆ ಜರಿ ಬಂತು, ತಲೆ ಮೇಲೆ ಸಿಪಾಯಿ ಟೋಪಿ ಬಂತು. ನುಡಿಸುವವನ ಜಾಗ ಮಾತ್ರ ಬದಲಾಗಲಿಲ್ಲ. ಢೋಲಿನ ಕಥೆಯೂ ಅದೇ. ಭಾಂಗ್ರಾ ಇವತ್ತು ಇಡೀ ಪಂಜಾಬಿನ ಹೆಮ್ಮೆ. ಆದರೆ ತಲೆಮಾರುಗಳಿಂದ ಢೋಲು ಹೊತ್ತವರಲ್ಲಿ ಬಾಜಿಗರರಂಥ ಪರಿಶಿಷ್ಟ ಜಾತಿಯವರು ಇದ್ದಾರೆ, ಮಿರಾಸಿಗಳು ಇದ್ದಾರೆ. ಕುಣಿಯುವವನಿಗೆ ಹೆಮ್ಮೆ, ಬಡಿಯುವವನಿಗೆ ಭಕ್ಷೀಸು.

ನಮ್ಮ ದೊಡ್ಡಪ್ಪ ಬ್ಯಾಂಡ್‌ಸೆಟ್ಟಿನಲ್ಲಿ ಕ್ಲಾರಿಯೋನೆಟ್ ಊದುತ್ತಿದ್ದ. ಮೆರವಣಿಗೆಯಲ್ಲಿ ಎಲ್ಲರಿಗಿಂತ ಮುಂದೆ, ಊಟಕ್ಕೆ ಎಲ್ಲರಿಗಿಂತ ಹಿಂದೆ. ಅದೂ ಶಾಮಿಯಾನದ ಆಚೆಗೆ, ಬೇರೆ ಎಲೆ ಹಾಕಿ. "ಊದೋಕೆ ಉಸಿರು ಬೇಕು ಕಣಪ್ಪ, ಉಣ್ಣೋಕೆ ಜಾತಿ ಬೇಕು" ಅನ್ನುತ್ತಿದ್ದ. ಸನ್ನಿ ಜೈನ್ ಮೇಲೆ ಈ ಭಾರ ಹೊರಿಸುವುದು ನನ್ನ ಉದ್ದೇಶವಲ್ಲ. ಬೇಕಾಗಿ ಢೋಲು ಹೆಗಲಿಗೇರಿಸಿಕೊಂಡವರು ಅವರು; ಬೇಡವಾದ ದಿನ ಕೆಳಗಿಡಬಲ್ಲರು. ದೊಡ್ಡಪ್ಪನಿಗೂ ಅವರಿಗೂ ಇರುವ ಅಂತರ ಪ್ರತಿಭೆಯದಲ್ಲ, ಈ ಆಯ್ಕೆಯದು.

ಹಾಗಂತ ಆ ಸಭಾಂಗಣದಲ್ಲಿ ಕೇಳಿದ್ದೆಲ್ಲ ನಮಗೆ ಪರಕೀಯ ಎನ್ನಲಾರೆ. ಹಿತ್ತಾಳೆ ವಾದ್ಯಕ್ಕೆ ಅಲ್ಲೊಂದು ಬೇರೆಯ ಚರಿತ್ರೆ ಇದೆ. ನ್ಯೂ ಆರ್ಲಿಯನ್ಸ್‌ನಲ್ಲಿ ಕರಿಯರು ಕಾಸಿಗೆ ಕಾಸು ಕೂಡಿಸಿ ಪರಸ್ಪರ ನೆರವಿನ ಕೂಟಗಳನ್ನು ಕಟ್ಟಿಕೊಂಡರು. ಸದಸ್ಯ ಕಾಯಿಲೆ ಬಿದ್ದರೆ ಔಷಧಿ, ಸತ್ತರೆ ಮಣ್ಣು ಮತ್ತು ಒಂದು ಬ್ಯಾಂಡು. ಹೋಗುವಾಗ ಶೋಕದ ಗತಿ, ಹೂಳಿ ಬರುವಾಗ ಕುಣಿತದ ಗತಿ. ಬ್ಯಾಂಡಿನ ಹಿಂದೆ ಕುಣಿಯುತ್ತ ಬರುವ ಜನಸಾಲಿಗೆ 'ಸೆಕೆಂಡ್ ಲೈನ್' ಎಂದು ಹೆಸರು. ಅಲ್ಲಿ ಊದುವವನು ತನ್ನವರ ಸಾವಿಗೆ ಊದುತ್ತಾನೆ. ನಮ್ಮಲ್ಲಿ ತಮಟೆಯವನು ಇನ್ನೊಬ್ಬರ ಸಾವಿಗೆ, ಬಿಟ್ಟಿಯಾಗಿ, ಬಡಿಯಬೇಕು. 2006ರಲ್ಲಿ ಪೊಲೀಸರು ಮೆರವಣಿಗೆಯ ಶುಲ್ಕವನ್ನು ಒಮ್ಮೆಲೆ ಏರಿಸಿದಾಗ ಆ ಕೂಟಗಳು ಕೋರ್ಟಿಗೆ ಹೋಗಿ ಇಳಿಸಿಕೊಂಡವು. ಯಾಕೆಂದರೆ ಬೀದಿ ತಮ್ಮದು ಎನ್ನುವುದನ್ನು ಅವರು ಬಿಟ್ಟುಕೊಡಲು ತಯಾರಿರಲಿಲ್ಲ.

ಬೀದಿಯ ಮಾತು ಬಂದರೆ ಬರಾತ್ ಎಂಬ ಪದ ನಮಗೆ ಬೇರೆಯೇ ಕೇಳಿಸುತ್ತದೆ. ಉತ್ತರ ಪ್ರದೇಶದ ಕಾಸ್‌ಗಂಜ್ ಜಿಲ್ಲೆಯ ನಿಜಾಂಪುರದಲ್ಲಿ ಠಾಕೂರರ ಬೀದಿ ಹಾದು ತನ್ನ ದಿಬ್ಬಣ ಹೋಗಬೇಕು ಎಂದು ಸಂಜಯ್ ಜಾಟವ್ ಎಂಬ ದಲಿತ ಯುವಕ ತಿಂಗಳುಗಟ್ಟಲೆ ಹೋರಾಡಬೇಕಾಯಿತು, ಅಲಹಾಬಾದ್ ಹೈಕೋರ್ಟಿನ ಬಾಗಿಲು ಬಡಿಯಬೇಕಾಯಿತು. ಕೊನೆಗೆ 2018ರ ಜುಲೈನಲ್ಲಿ ಪೊಲೀಸ್ ಕಾವಲಿನಲ್ಲಿ ಆ ದಿಬ್ಬಣ ಹೊರಟಿತು. ಯಾರದೋ ಮದುವೆಗೆ ದಲಿತ ಅದೇ ಬೀದಿಯಲ್ಲಿ ಬಾಜಾ ಬಡಿಯಬಹುದು. ತನ್ನ ಮದುವೆಗೆ ಕುದುರೆ ಏರಿದರೆ ಕಲ್ಲು ಬೀಳುತ್ತದೆ.

ಅದೇ 2018ರಲ್ಲಿ ರೆಡ್ ಬರಾತ್ 'ಸೌಂಡ್ ದ ಪೀಪಲ್' ಎಂಬ ಮುದ್ರಿಕೆ ತಂದಿತು. ಟ್ರಂಪ್ ಕಾಲದ ವಲಸಿಗ ದ್ವೇಷಕ್ಕೆ ಎದುರು ನಿಂತ ಕೃತಿ ಅದು. ಅದರಲ್ಲೊಂದು ರಚನೆಯ ಹೆಸರು 'ಘದರ್ ಮಚಾವೊ'. ಅಮೆರಿಕದಲ್ಲಿ ಕಟ್ಟಿದ ಘದರ್ ಪಕ್ಷದ ನೆನಪನ್ನು ಕರೆಯುವ ಹೆಸರು. ಒಳ್ಳೆಯದೇ. ಆದರೆ ಆ ಘದರ್‌ನಲ್ಲಿದ್ದ ಮಂಗೂರಾಮ್ ಮುಗೋವಾಲಿಯಾ ಪಂಜಾಬಿಗೆ ಮರಳಿದ ಮೇಲೆ 1926ರಲ್ಲಿ ಅಸ್ಪೃಶ್ಯರ ಆದ್ ಧರ್ಮ ಚಳವಳಿ ಕಟ್ಟಿದ್ದನ್ನು ನಾವು ಜೊತೆಗೇ ನೆನೆಯಬೇಕು. ಬಿಳಿಯರ ವರ್ಣಭೇದವನ್ನು ಕಂಡು ಬಂದವನಿಗೆ ಊರಿನ ಜಾತಿ ಇನ್ನಷ್ಟು ಅಸಹ್ಯವಾಗಿರಬೇಕು. ಜಾತಿ ಹಡಗು ಹತ್ತಿ, ವಿಮಾನ ಹತ್ತಿ ಹೋಗಿದೆ ಅನ್ನೋದಕ್ಕೆ 2023ರಲ್ಲಿ ಸಿಯಾಟಲ್ ನಗರ ಜಾತಿ ತಾರತಮ್ಯವನ್ನು ನಿಷೇಧಿಸಬೇಕಾಗಿ ಬಂದದ್ದೇ ಸಾಕ್ಷಿ. ವರ್ಣದ್ವೇಷದ ವಿರುದ್ಧ ಇಷ್ಟು ಜೋರಾಗಿ ಊದಬಲ್ಲ ವಲಸಿಗರ ಕಲೆ, ತನ್ನ ವಾದ್ಯಗಳ ಬೆನ್ನಿಗಿರುವ ಜಾತಿಯನ್ನೂ ಹೆಸರು ಹಿಡಿದು ಕರೆಯಲಿ ಎಂದು ನಾವು ಕೇಳುವುದು ನ್ಯಾಯ.

ಈ ಚರ್ಚೆ ನಮ್ಮ ಚಳವಳಿಗೆ ಹೊಸದಲ್ಲ. ಹೆಣದ ಮುಂದೆ ತಮಟೆ ಬಡಿಯುವುದಿಲ್ಲ ಎಂದು ಕೇರಿಗಳು ತಿರುಗಿ ಬಿದ್ದಿವೆ, ಅದಕ್ಕಾಗಿ ಬಹಿಷ್ಕಾರವನ್ನೂ ಉಂಡಿವೆ. ಅದೇ ತಮಟೆ ದಲಿತ ಸಂಘರ್ಷ ಸಮಿತಿಯ ಜಾಥಾಗಳಲ್ಲಿ ಜನರನ್ನು ಕರೆದು ನಿಲ್ಲಿಸಿದೆ. 2023ರಲ್ಲಿ ಚಿಕ್ಕಬಳ್ಳಾಪುರ ಸೀಮೆಯ ತಮಟೆ ವಾದಕ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರಿಗೆ ಪದ್ಮಶ್ರೀ ಬಂತು. ತಮಟೆಯನ್ನು ಬಿಡಬೇಕೋ ಹಿಡಿಯಬೇಕೋ ಎಂದು ನಾವು ಎಷ್ಟೋ ರಾತ್ರಿ ಜಗಳ ಆಡಿದ್ದೇವೆ. ಎರಡೂ ಸರಿ ಎಂದೇ ನನ್ನ ನಿಲುವು. ಬಡಿಯುವುದಿಲ್ಲ ಎಂದು ಹೇಳುವ ಶಕ್ತಿ ಬಂದ ಮೇಲೆ ಬಡಿಯುವ ಪೆಟ್ಟಿಗೇ ಬೇರೆ ಗತ್ತು.

ಆದ್ದರಿಂದ ದಲಿತ ವಿಮರ್ಶೆ ಯಾವುದೇ ಮೆರವಣಿಗೆಯ ಸಂಗೀತಕ್ಕೆ ಲಯ ಹೇಗಿದೆ ಎಂದು ಕೇಳುವುದರ ಜೊತೆಗೆ ಮೂರು ಪ್ರಶ್ನೆ ಹಾಕಬೇಕು: ನುಡಿಸುವವನಿಗೆ ನಿಲ್ಲಿಸುವ ಹಕ್ಕಿದೆಯೆ? ಅದೇ ಬೀದಿಯಲ್ಲಿ ಅವನ ದಿಬ್ಬಣ ಹೋಗಬಲ್ಲದೆ? ಆಮೇಲೆ ಅವನು ಊಟಕ್ಕೆ ಕೂರುವುದು ಎಲ್ಲಿ? ಬ್ರೂಕ್ಲಿನ್ನಿನವರು ಈ ಮೂರಕ್ಕೂ ಸುಲಭವಾಗಿ ಉತ್ತರ ಹೇಳಬಲ್ಲರು. ನಮ್ಮ ತಾಲೂಕು ಕೇಂದ್ರಗಳ ಬ್ಯಾಂಡ್‌ಸೆಟ್ಟಿನವರೂ ಅಷ್ಟೇ ಸುಲಭವಾಗಿ ಹೇಳುವಂತಾಗಬೇಕು. ನಮ್ಮ ವಿದ್ಯಾರ್ಥಿಗಳು ಮೊದಲು ಅವರ ಅಂಗಡಿಗಳಿಗೆ ಹೋಗಲಿ, ಅವರ ಹೆಸರು ಕೇಳಿ ಬರೆದುಕೊಳ್ಳಲಿ.