ಕೊಂಡರೂ ನಮ್ಮದಾಗದ ಚಿತ್ರ

ಸಾಹಿತ್ಯದ ಸಂಚಿಕೆಯಲ್ಲಿ ಸಿನಿಮಾ ಕೊಳ್ಳುವ ಮಾರುವ ಮಾತೇಕೆ ಎಂದು ಓದುಗರು ಕೇಳಬಹುದು. ಕೇಳತಕ್ಕ ಪ್ರಶ್ನೆಯೇ. ವಿಮರ್ಶೆಯೆಂದರೆ ಕೃತಿಯನ್ನು ಎದುರಿಗಿಟ್ಟುಕೊಂಡು ಆಡುವ ಮಾತು. ಕಾರಂತರ ಒಂದು ಕಾದಂಬರಿಯ ಬಗ್ಗೆ ನಮ್ಮಲ್ಲಿ ಭಿನ್ನಾಭಿಪ್ರಾಯ ಬಂದರೆ ಕಪಾಟಿನಿಂದ ಪುಸ್ತಕ ತೆಗೆದು, ಪುಟ ತೋರಿಸಿ ಜಗಳ ಮುಗಿಸಬಹುದು, ಇಲ್ಲವೆ ಮುಂದುವರಿಸಬಹುದು. ಚಲನಚಿತ್ರದ ವಿಷಯದಲ್ಲಿ ಈ ಅನುಕೂಲ ತಪ್ಪುತ್ತಿದೆ. ಹಣ ಕೊಟ್ಟು 'ಕೊಂಡ' ಚಿತ್ರವೂ ಒಂದು ದಿನ ನಮ್ಮ ಖಾತೆಯಿಂದ ಮಾಯವಾಗುತ್ತದೆ. ಇದನ್ನು ಬರೀ ಗಿರಾಕಿಯ ನಷ್ಟವೆಂದು ನಾನು ಭಾವಿಸುವುದಿಲ್ಲ. ಕರ್ನಾಟಕದ ಹೊರಗುಳಿದ ಕನ್ನಡದ ಮನೆಗಳಿಗೆ ಇದು ಭಾಷೆಯ ನಷ್ಟವೂ ವಿಮರ್ಶೆಯ ನಷ್ಟವೂ ಹೌದು ಎಂಬುದು ಈ ಬರಹದ ವಾದ.

1

ಕಾಸರಗೋಡಿನ ಓದುಗರಿಗೆ ನಮ್ಮ ಸೀಮೆಯ ಪರಿಚಯ ಕಡಿಮೆ ಇರಬಹುದು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತಷ್ಟೆ. ಅದೇ ಕಾಯಿದೆಯ ಪ್ರಕಾರ ಅದೇ ದಿನ ರಾಯಚೂರು ಜಿಲ್ಲೆಯ ಗದ್ವಾಲ, ಆಲಂಪುರ ತಾಲ್ಲೂಕುಗಳೂ ಗುಲ್ಬರ್ಗ ಜಿಲ್ಲೆಯ ಕೊಡಂಗಲ್, ತಾಂಡೂರುಗಳೂ ಆಂಧ್ರಪ್ರದೇಶಕ್ಕೆ ಹೋದವು. ನಾರಾಯಣಪೇಟೆ, ಮಕ್ತಲ್‌ಗಳು ಮೊದಲಿನಿಂದಲೂ ಮಹಬೂಬನಗರ ಜಿಲ್ಲೆಯವು. ಈಗ ಇವೆಲ್ಲ ತೆಲಂಗಾಣದಲ್ಲಿವೆ. 2016ರಲ್ಲಿ ಗದ್ವಾಲ, 2019ರಲ್ಲಿ ನಾರಾಯಣಪೇಟೆ ಬೇರೆ ಜಿಲ್ಲೆಗಳಾದವು. ಕಾಗದದ ಮೇಲಿನ ಹೆಸರುಗಳು ಎಷ್ಟು ಸಲ ಬದಲಾದರೂ ಕೃಷ್ಣಾ ನದಿಯ ಈಚೆ ದಡದ ಹಳ್ಳಿಗಳಲ್ಲಿ ಮನೆಮಾತು ಕನ್ನಡವೇ. ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳೂ ಅಲ್ಲಿವೆ.

ನಾನು ಬಿ.ಎ. ಓದಿದ ಬ್ಯಾಂಕ್ ಗುಮಾಸ್ತ. ಕೌಂಟರಿನಲ್ಲಿ ದಿನವಿಡೀ ತೆಲುಗು, ಫಾರಂ ಇಂಗ್ಲಿಷ್, ಗದ್ವಾಲದ ಸೀರೆ ವ್ಯಾಪಾರಿಯ ಸಂಗಡ ಉರ್ದು ಬೆರೆತ ಹಿಂದಿ. ಕನ್ನಡ ಮಾತಾಡುವುದು ಮನೆಯಲ್ಲಿ, ಇಲ್ಲವೆ ಹಳ್ಳಿಯಿಂದ ಪಿಂಚಣಿಗೆ ಬರುವ ಅಜ್ಜಿಯರ ಹತ್ತಿರ. ನಮ್ಮ ಟಾಕೀಸುಗಳಲ್ಲಿ ಓಡುವುದು ತೆಲುಗು ಚಿತ್ರ. ಕನ್ನಡ ಚಿತ್ರ ನೋಡಬೇಕಾದರೆ ಹೊಳೆ ದಾಟಿ ರಾಯಚೂರಿಗೆ ಹೋಗಬೇಕು. ಮಕ್ಕಳ ಪರೀಕ್ಷೆ, ಬಸ್ಸಿನ ವೇಳೆ, ಹಿಂದಿರುಗುವ ತ್ರಾಸು ನೆನೆದು ಎಷ್ಟೋ ಮನೆಗಳವರು ಆ ಆಸೆಯನ್ನೇ ಬಿಟ್ಟಿದ್ದಾರೆ.

2007ರ ಸುಮಾರಿಗೆ ಮೋಸರ್ ಬೇರ್ ಕಂಪನಿ 28 ರೂಪಾಯಿಗೆ ವಿಸಿಡಿ, 34 ರೂಪಾಯಿಗೆ ಡಿವಿಡಿ ಮಾರತೊಡಗಿದಾಗ ನಮ್ಮಂಥವರಿಗೆ ಒಂದು ಬಾಗಿಲು ತೆರೆಯಿತು. ರಾಯಚೂರಿನ ಬಸ್ ನಿಲ್ದಾಣದ ಬಳಿ ಕೊಂಡ ತಟ್ಟೆಗಳು ಮನೆಯಿಂದ ಮನೆಗೆ ಓಡಾಡಿದವು. ಆ ಕಂಪನಿ 2018ರಲ್ಲಿ ದಿವಾಳಿಯಾಗಿ ಅದರ ಆಸ್ತಿ ವಿಲೇವಾರಿಗೆ ಆದೇಶವಾಯಿತು. ಆದರೆ ಅದು ಮಾರಿದ ತಟ್ಟೆಗಳು ನಮ್ಮ ಮನೆಯಲ್ಲಿ ಈಗಲೂ ತಿರುಗುತ್ತವೆ. ಕೆಲವು ಗೀರು ಬಿದ್ದು ನಿಂತಿವೆ, ನಿಜ. ಆದರೆ ಅವು ನಿಂತದ್ದು ಬಳಸಿ ಸವೆದು, ಯಾರದೋ ಅಪ್ಪಣೆಯಿಂದಲ್ಲ. ಅಂಗಡಿ ಮುಚ್ಚಿದರೂ ಸಾಮಾನು ಉಳಿಯಿತು. ಈ ವ್ಯತ್ಯಾಸವನ್ನು ಓದುಗರು ನೆನಪಿನಲ್ಲಿಡಬೇಕು.

2

ಈಗ ಒಂದು ಚಿತ್ರದ ಮಾತು. ರಿಷಬ್ ಶೆಟ್ಟಿಯವರ 'ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, ಕಾಸರಗೋಡು, ಕೊಡುಗೆ: ರಾಮಣ್ಣ ರೈ' 2018ರ ಆಗಸ್ಟ್‌ನಲ್ಲಿ ತೆರೆಕಂಡಿತು, ಅತ್ಯುತ್ತಮ ಮಕ್ಕಳ ಚಿತ್ರವೆಂದು ರಾಷ್ಟ್ರಪ್ರಶಸ್ತಿಯನ್ನೂ ಪಡೆಯಿತು. ನಿಮ್ಮ ಊರಿನ ಹೆಸರಿನ ಚಿತ್ರವನ್ನು ನಿಮಗೆ ನಾನು ಪರಿಚಯಿಸುವುದು ಅಧಿಕಪ್ರಸಂಗವಾದೀತು. ನಾರಾಯಣಪೇಟೆಯ ಕಡೆಯಿಂದ ನೋಡಿದಾಗ ಅದು ಹೇಗೆ ಕಾಣುತ್ತದೆ ಎಂಬಷ್ಟನ್ನೇ ಹೇಳುತ್ತೇನೆ.

ಅದರ ಮೊದಲರ್ಧದ ಗುಣ ಅದರ ನಗೆಯಲ್ಲಿದೆ. ಕನ್ನಡ ಶಾಲೆಗೆ ಕನ್ನಡ ಬಾರದ ಮಾಸ್ತರರು ಬಂದು ಮಲಯಾಳದಲ್ಲಿ ಗಣಿತ ಹೇಳುವುದು ಆಡಳಿತದ ಅನ್ಯಾಯ. ಆದರೆ ಚಿತ್ರ ಅದನ್ನು ಅನ್ಯಾಯವೆಂದು ಕೂಗುವುದಿಲ್ಲ. ಮಕ್ಕಳು ಅದನ್ನು ಹುಡುಗಾಟವಾಗಿ ಮಾಡಿಕೊಳ್ಳುತ್ತಾರೆ. ಇದು ಸತ್ಯಕ್ಕೆ ಹತ್ತಿರ. ಅರ್ಥವಾಗದ ಭಾಷೆಯ ಎದುರು ಕೂತ ಮಗು ಮೊದಲು ನಗುತ್ತದೆ. ಅವಮಾನ ಗೊತ್ತಾಗುವುದು ಆಮೇಲೆ. ಮಕ್ಕಳ ಬಾಯಲ್ಲಿ ಕರಾವಳಿಯ ಕನ್ನಡವನ್ನು ತಿದ್ದದೆ ಬಿಟ್ಟಿರುವುದೂ ದೊಡ್ಡ ಗುಣ. ನಮ್ಮ 'ಹೋಗ್ಯಾನ', 'ಬಂದಾಳ'ಗಳನ್ನು ಹಾಗೆಯೇ ಬಿಡುವ ಧೈರ್ಯ ಯಾವ ನಿರ್ದೇಶಕನಿಗೆ ಯಾವಾಗ ಬರುತ್ತದೋ ಎಂದು ನೋಡುವಾಗಲೇ ಅನಿಸಿತ್ತು.

ಉತ್ತರಾರ್ಧದ ಬಗ್ಗೆ ನನಗೆ ತಕರಾರಿದೆ. ಶಾಲೆ ಮುಚ್ಚಿದ ಮೇಲೆ ಮಕ್ಕಳು ಮೈಸೂರಿಗೆ ಹೋಗಿ ಒಬ್ಬ ಹಿರಿಯರನ್ನು ಕರೆತರುತ್ತಾರೆ. ಅವರು ನ್ಯಾಯಾಲಯದಲ್ಲಿ ವಾದಿಸುತ್ತಾರೆ. ಆ ಪಾತ್ರವನ್ನು ಅನಂತನಾಗ್ ನಿರ್ವಹಿಸಿದ ರೀತಿಗೆ ಎರಡು ಮಾತಿಲ್ಲ. ಆದರೆ ಗಡಿಯವರ ಬಿಡುಗಡೆಗೆ ರಾಜಧಾನಿಯ ಕಡೆಯಿಂದಲೇ ಒಬ್ಬರು ಬರಬೇಕೆ? ತರಗತಿಯ ದೃಶ್ಯಗಳು ತೋರಿಸಿ ಮುಗಿಸಿದ್ದನ್ನೇ ಭಾಷಣ ಮತ್ತೊಮ್ಮೆ ಹೇಳುತ್ತದೆ. ಇನ್ನೊಂದು ಮಾತು: ನಮ್ಮ ಕಡೆ ಕನ್ನಡ ಶಾಲೆ ಬರಿದಾಗುವುದು ಯಾವ ದುಷ್ಟ ಅಧಿಕಾರಿಯ ಆದೇಶದಿಂದಲೂ ಅಲ್ಲ. ಜೂನ್ ತಿಂಗಳಲ್ಲಿ ಒಬ್ಬೊಬ್ಬರೇ ತಂದೆತಾಯಿ ಬಂದು ಟಿ.ಸಿ. ಕೇಳುತ್ತಾರೆ, ಅಷ್ಟೆ. ಹೊಣೆಗಾರನಿಲ್ಲದ ಆ ನಷ್ಟಕ್ಕೆ ಚಿತ್ರದಲ್ಲಿ ಜಾಗವಿಲ್ಲ. ಖಳನಾಯಕನಿದ್ದರೆ ದಾವೆ ಹೂಡಬಹುದು. ಇಲ್ಲದಿದ್ದಾಗ ಏನು ಮಾಡಬೇಕು?

ಇಷ್ಟೆಲ್ಲ ತಕರಾರಿದ್ದರೂ ಆ ಚಿತ್ರವನ್ನು ನಾನು ದುಡ್ಡು ಕೊಟ್ಟು ಕೊಂಡೆ. ಗಡಿನಾಡಿನ ಮಗುವೊಂದು ಕಥಾನಾಯಕನಾಗಿ ನಮ್ಮ ಮನೆಯೊಳಗೆ ಬಂದದ್ದು ಅದೇ ಮೊದಲು. ಇಂಗ್ಲಿಷ್ ಮಾಧ್ಯಮದಲ್ಲಿ ಓದುವ ನನ್ನ ಮಗಳು ಕನ್ನಡ ಅಕ್ಷರ ಕಲಿಯಲು ಒಪ್ಪಿದ್ದು ಅದನ್ನು ನೋಡಿದ ಮೇಲೆ.

3

ಕೊಂಡದ್ದು 2021ರಲ್ಲಿ, ಫೋನಿನ ಒಂದು ಅಂತರ್ಜಾಲ ಅಂಗಡಿಯಲ್ಲಿ. ಅಲ್ಲಿ ಎರಡು ಗುಂಡಿಗಳಿದ್ದವು. ಒಂದರ ಮೇಲೆ ಬಾಡಿಗೆ, ಇನ್ನೊಂದರ ಮೇಲೆ ಖರೀದಿ. ಖರೀದಿಯ ಬೆಲೆ ಹೆಚ್ಚು. ಹೆಚ್ಚು ಕೊಟ್ಟದ್ದು ಉಳಿಯಲಿ ಎಂದೇ. ಮೂರು ವರ್ಷವಾಗುವ ಹೊತ್ತಿಗೆ ಆ ಚಿತ್ರ ನನ್ನ ಪಟ್ಟಿಯಿಂದ ಹೋಗಿತ್ತು. ಬರೆದು ಕೇಳಿದ್ದಕ್ಕೆ ಬಂದ ಉತ್ತರ ಇಷ್ಟು: ಹಕ್ಕುದಾರರ ಜತೆಗಿನ ಒಪ್ಪಂದ ಮುಗಿದಿದೆ, ನಿಯಮಗಳಲ್ಲಿ ಇದಕ್ಕೆ ಅವಕಾಶವಿದೆ. ಹಣ ವಾಪಸಾಗಲಿಲ್ಲ. ಬೇರೆಡೆ ಇನ್ನೊಮ್ಮೆ ದುಡ್ಡು ಕೊಟ್ಟರೆ ಸಿಕ್ಕೀತು. ಒಂದೇ ಸಾಮಾನಿಗೆ ಎರಡು ಸಲ ಬೆಲೆ ತೆರುವುದು ಯಾವ ಸಂತೆಯ ಧರ್ಮ?

ಆ ಹೊತ್ತಿಗೆ ನಮ್ಮಿಬ್ಬರ ನಡುವೆ ವಾದ ನಡೆದಿತ್ತು. ಭಾಷಣ ಉದ್ದವಾಯಿತೆಂದು ನಾನು. "ಅಷ್ಟೊತ್ತು ನಗಿಸ್ಯಾರಪ್ಪ, ಒಮ್ಮೆರ ಗಟ್ಟಿಯಾಗಿ ಹೇಳಬೇಕಿತ್ತು. ಮತ್ತೊಮ್ಮೆ ಹಾಕು, ತೋರಿಸ್ತೀನಿ," ಎಂದು ಅವಳು. ಅವಳ ವಾದದಲ್ಲಿ ಹುರುಳಿದೆ. ನಗೆಯಿಂದ ಗಾಂಭೀರ್ಯಕ್ಕೆ ತಿರುಗುವ ಜಾಗ ಸರಿಯಾಗಿದೆಯೆ ಎಂಬುದರ ಮೇಲೆ ಇಡೀ ಚಿತ್ರದ ಬೆಲೆ ನಿಂತಿದೆ. ಹದಿನಾಲ್ಕು ವರ್ಷದ ಹುಡುಗಿ ಕನ್ನಡದಲ್ಲಿ ಆಡಿದ ಮೊದಲ ವಿಮರ್ಶೆಯ ಮಾತು ಅದು. ಅದಕ್ಕೆ ಸಾಕ್ಷಿಯಾಗಬೇಕಿದ್ದ ಕೃತಿ ಮನೆಯಲ್ಲಿರಲಿಲ್ಲ.

ಬ್ಯಾಂಕಿನ ಒಂದು ಹೋಲಿಕೆ ಕೊಡುತ್ತೇನೆ. ಲಾಕರಿಗೆ ಗಿರಾಕಿ ಬಾಡಿಗೆ ಕಟ್ಟುತ್ತಾನೆ. ಪೆಟ್ಟಿಗೆ ಬ್ಯಾಂಕಿನದು, ಒಳಗಿನ ಬಂಗಾರ ಅವನದು. ಶಾಖೆ ಬೇರೆ ಊರಿಗೆ ಹೋದರೆ ಬಂಗಾರ ತೆಗೆದುಕೊಂಡು ಹೋಗೆಂದು ಪತ್ರ ಬರುತ್ತದೆ. ಡಿಜಿಟಲ್ ಚಿತ್ರದ ವ್ಯವಹಾರ ಇದರ ತಿರುಗುಮುರುಗು: ಬಂಗಾರ ಮಾರಿದೆವೆನ್ನುತ್ತಾರೆ, ಕೊಟ್ಟದ್ದು ಪೆಟ್ಟಿಗೆಯ ಕಿಂಡಿಯಿಂದ ನೋಡುವ ಪರವಾನಗಿ. ಆ ಪರವಾನಗಿಯೂ ಅಂಗಡಿಗೂ ನಿರ್ಮಾಪಕರಿಗೂ ಇರುವ ಕರಾರಿನ ಅವಧಿಗೆ, ಖಾತೆ ತೆರೆದ ದೇಶಕ್ಕೆ ಕಟ್ಟುಬಿದ್ದದ್ದು. ಕಡತ ಫೋನಿನೊಳಗೆ ಇಳಿದಿದ್ದರೂ ಅದಕ್ಕೊಂದು ಬೀಗ. ಬೀಗದ ಕೈ ಅಂಗಡಿಯ ಕಂಪ್ಯೂಟರಿನಲ್ಲಿ. ಹಕ್ಕನ್ನು ಉಲ್ಲಂಘಿಸುವ ಉದ್ದೇಶದಿಂದ ಬೀಗ ಒಡೆದರೆ 2012ರಲ್ಲಿ ನಮ್ಮ ಕೃತಿಸ್ವಾಮ್ಯ ಕಾಯಿದೆಗೆ ಸೇರಿದ 65ಎ ಕಲಮಿನ ಪ್ರಕಾರ ಎರಡು ವರ್ಷದವರೆಗೆ ಸಜೆ. ಮಾರಿದವನು ಹಿಂದಕ್ಕೆ ತೆಗೆದುಕೊಂಡರೆ ಏನು ಎಂಬುದನ್ನು ಆ ಕಲಮು ಹೇಳುವುದಿಲ್ಲ.

ಇದು ನನ್ನೊಬ್ಬನ ಕಥೆಯಲ್ಲ. 2009ರ ಜುಲೈನಲ್ಲಿ ಅಮೆಜಾನ್ ಕಂಪನಿ ಕಿಂಡಲ್ ಓದುಗರ ಯಂತ್ರದೊಳಗಿನಿಂದಲೇ ಆರ್ವೆಲ್‌ನ '1984' ಅಳಿಸಿಹಾಕಿತು. ಪ್ರತಿ ಮಾರಿದವನಿಗೆ ಹಕ್ಕಿರಲಿಲ್ಲವೆಂಬುದು ಕಾರಣ. ಹಣ ಮರಳಿಸಿ ಆಮೇಲೆ ಕ್ಷಮೆಯನ್ನೂ ಕೇಳಿತು. ಹಾಲಿವುಡ್‌ನ ದೊಡ್ಡ ಸ್ಟುಡಿಯೋಗಳೇ ಬೆನ್ನಿಗಿದ್ದ 'ಅಲ್ಟ್ರಾವಯೊಲೆಟ್' ಎಂಬ ಚಿತ್ರಭಂಡಾರ 2019ರ ಜುಲೈ 31ಕ್ಕೆ ಬಾಗಿಲು ಹಾಕಿತು. ಸೋನಿಯ ಪ್ಲೇಸ್ಟೇಷನ್ ಅಂಗಡಿಯಲ್ಲಿ ಜರ್ಮನಿ, ಆಸ್ಟ್ರಿಯದವರು ಕೊಂಡಿದ್ದ ಸ್ಟುಡಿಯೋಕೆನಾಲ್ ಚಿತ್ರಗಳು 2022ರ ಆಗಸ್ಟ್ 31ಕ್ಕೆ ಹೋದವು. ಇಂಗ್ಲಿಷ್ ಚಿತ್ರಕ್ಕೆ ಹತ್ತು ಅಂಗಡಿಗಳಿರುತ್ತವೆ, ಒಂದರಲ್ಲಿ ಹೋದದ್ದು ಇನ್ನೊಂದರಲ್ಲಿ ಸಿಗುತ್ತದೆ. ಕನ್ನಡದ ಸಣ್ಣ ಚಿತ್ರಕ್ಕೆ ಇರುವುದೇ ಒಂದೋ ಎರಡೋ.

4

ಕಳೆದುಕೊಳ್ಳುವುದರಲ್ಲಿ ಕನ್ನಡ, ಮಲಯಾಳ ಎರಡೂ ಅನುಭವಸ್ಥ ಭಾಷೆಗಳೇ. 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆಕಂಡ ನಮ್ಮ ಮೊದಲ ವಾಕ್ಚಿತ್ರ 'ಸತಿ ಸುಲೋಚನ'ದ ಒಂದು ಪ್ರತಿಯೂ ಉಳಿದಿಲ್ಲ. ಜೆ.ಸಿ. ಡೇನಿಯಲ್ ಅವರ 'ವಿಗತಕುಮಾರನ್' ಮಲಯಾಳದ ಮೊದಲ ಚಿತ್ರ, ಅದೂ ಇಲ್ಲ. ಆದರೆ 1933ರ 'ಮಾರ್ತಾಂಡ ವರ್ಮ'ನ ಕಥೆ ಬೇರೆ. ಸಿ.ವಿ. ರಾಮನ್ ಪಿಳ್ಳೆಯವರ ಕಾದಂಬರಿಯ ಹಕ್ಕು ತನ್ನದೆಂದು ಪ್ರಕಾಶಕರು ನ್ಯಾಯಾಲಯಕ್ಕೆ ಹೋದರು, ಪ್ರದರ್ಶನ ನಿಂತಿತು, ಪ್ರತಿ ಪ್ರಕಾಶಕರ ಬಳಿ ಉಳಿಯಿತು. 1974ರಲ್ಲಿ ಅದು ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯಕ್ಕೆ ಸಿಕ್ಕಿತು. ಹಕ್ಕಿನ ಜಗಳ ಜನರಿಂದ ಚಿತ್ರವನ್ನು ಕಿತ್ತುಕೊಂಡಿತು, ನಿಜ. ಆದರೆ ವಸ್ತುವಾಗಿ ಅದು ಒಂದು ಕಡೆ ಬಿದ್ದಿದ್ದರಿಂದ ನಾಲ್ಕು ದಶಕದ ಮೇಲೂ ಎತ್ತಿಕೊಳ್ಳಲು ಬಂತು. ಇಂದು ಸರ್ವರ್‌ನಿಂದ ತೆಗೆದ ಚಿತ್ರದ ಯಾವ ಪ್ರತಿ ಯಾವ ಅಟ್ಟದ ಮೇಲೆ ಬಿದ್ದಿರುತ್ತದೆ?

ಗಿರೀಶ ಕಾಸರವಳ್ಳಿಯವರ 1977ರ 'ಘಟಶ್ರಾದ್ಧ' 2024ರಲ್ಲಿ ಪುನರುಜ್ಜೀವನಗೊಂಡು ವೆನಿಸ್ ಉತ್ಸವದಲ್ಲಿ ಕಂಡಿತು. ಅರವಿಂದನ್ ಅವರ 'ಕುಮ್ಮಾಟ್ಟಿ', 'ತಂಪ್' ಚಿತ್ರಗಳೂ ಅದಕ್ಕೆ ಮೊದಲು ಹಾಗೆಯೇ ಜೀವ ಪಡೆದವು. ಯಾರೋ ಎಲ್ಲೋ ಫಿಲ್ಮಿನ ಸುರುಳಿಯನ್ನು ಕಾದಿಟ್ಟಿದ್ದರಿಂದ ಇದು ಸಾಧ್ಯವಾಯಿತು. ಗದ್ವಾಲ ಸೀಮೆಯ ಉತ್ತನೂರಿನಲ್ಲಿದ್ದ ಗೋಪಾಲದಾಸರ ಹಾಡುಗಳು ನಮಗೆ ಬಂದದ್ದೂ ಹೀಗೆಯೇ, ಕೈಯಿಂದ ಕೈಗೆ, ಬಾಯಿಂದ ಬಾಯಿಗೆ. ಕಾಯಲು ಮೊದಲು ಕೈಯಲ್ಲಿರಬೇಕು.

5

ಹಾಗಾದರೆ ಮಾಡತಕ್ಕದ್ದೇನು? ಮೆಮೊರಿ ಕಾರ್ಡಿಗೆ ಕದ್ದ ಚಿತ್ರ ತುಂಬಿಸಿಕೊಡುವ ಮೊಬೈಲ್ ಅಂಗಡಿ ಎಲ್ಲ ಪೇಟೆಯಲ್ಲೂ ಸಿಗುತ್ತದೆ. ಅದು ಉತ್ತರವಲ್ಲ. ಕನ್ನಡದ ಸಣ್ಣ ನಿರ್ಮಾಪಕನ ಹೊಟ್ಟೆಯ ಮೇಲೆ ಹೊಡೆದು ಕನ್ನಡ ಉಳಿಸಿದೆವೆನ್ನಲಾಗದು. ಆದರೆ ಪ್ರಾಮಾಣಿಕ ಗಿರಾಕಿಗಿಂತ ಕದ್ದವನ ಪ್ರತಿಯೇ ಹೆಚ್ಚು ದಿನ ಬಾಳುವಂತಾದರೆ ವ್ಯವಸ್ಥೆ ಯಾರನ್ನು ಬೆಳೆಸುತ್ತಿದೆ ಎಂದು ಕೇಳಲೇಬೇಕು.

ಅಮೆರಿಕದ ಕ್ಯಾಲಿಫೋರ್ನಿಯ ರಾಜ್ಯದಲ್ಲಿ 2025ರ ಜನವರಿ 1ರಿಂದ ಒಂದು ಕಾನೂನು ಜಾರಿಗೆ ಬಂದಿದೆ. ಕೊಡುವುದು ಬರೀ ಪರವಾನಗಿಯಾದರೆ, ಅದನ್ನು ಸ್ಪಷ್ಟವಾಗಿ ತಿಳಿಸದೆ 'ಖರೀದಿ' ಎಂಬ ಮಾತು ಬಳಸಕೂಡದು. ಶಾಶ್ವತವಾಗಿ ಇಳಿಸಿಕೊಳ್ಳಲು ಬಿಡುವವರಿಗೆ ಈ ಕಟ್ಟಿಲ್ಲ. ಮಾತಿನ ಅರ್ಥಕ್ಕೆ ಕಾನೂನು ಕಾವಲು ನಿಂತದ್ದು ಸಾಹಿತ್ಯದ ವಿದ್ಯಾರ್ಥಿಗೂ ಸಂತೋಷದ ಸಂಗತಿ. ನಮ್ಮಲ್ಲಿ 2023ರ ನವೆಂಬರ್ 30ರಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಅಂತರ್ಜಾಲದ ಅಂಗಡಿಗಳ 13 ಬಗೆಯ ಮೋಸದ ರೀತಿಗಳನ್ನು ಪಟ್ಟಿಮಾಡಿತು. ಬಾಡಿಗೆಯನ್ನು ಖರೀದಿ ಎಂದು ಕರೆಯುವುದು ಹದಿನಾಲ್ಕನೆಯದಾಗಲಿ ಎಂದು ನಾವು ಬರೆದು ಕೇಳಬಹುದು. ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ದಾಖಲಿಸುವುದಂತೂ ಇಂದೇ ಸಾಧ್ಯ.

ಕೇರಳ ಸರ್ಕಾರ 2024ರ ಮಾರ್ಚ್ 7ರಂದು 'ಸಿ-ಸ್ಪೇಸ್' ಆರಂಭಿಸಿ, ಒಂದು ಚಿತ್ರ ನೋಡಲು 75 ರೂಪಾಯಿ ಎಂದಿತು. ಅದು ಖರೀದಿಯಲ್ಲ, ಹಾಗೆ ಹೇಳಿಕೊಳ್ಳುವುದೂ ಇಲ್ಲ. ಆ ಪ್ರಾಮಾಣಿಕತೆ ಮೆಚ್ಚತಕ್ಕದ್ದು. ಕರ್ನಾಟಕ ಸರ್ಕಾರವೂ 2025ರ ಮಾರ್ಚ್ ಬಜೆಟ್ಟಿನಲ್ಲಿ ಕನ್ನಡ ಚಿತ್ರಗಳ ವೇದಿಕೆಯನ್ನೂ ಚಿತ್ರಭಂಡಾರವನ್ನೂ ಘೋಷಿಸಿತು. ಘೋಷಣೆ ಕಾರ್ಯಕ್ಕೆ ಬರುವಾಗ ಹೊರನಾಡ ಕನ್ನಡಿಗರನ್ನು ಲೆಕ್ಕಕ್ಕೆ ಹಿಡಿಯಬೇಕು. ರಕ್ಷಿತ್ ಶೆಟ್ಟಿಯವರು ಅರ್ಪಿಸಿದ 'ಏಕಂ' ಸರಣಿಯನ್ನು ದೊಡ್ಡ ವೇದಿಕೆಗಳು ಕೊಳ್ಳದೆ ಹೋದಾಗ 2024ರ ಜುಲೈ 13ರಂದು ಅದು ಸ್ವಂತ ಜಾಲತಾಣದಲ್ಲಿ 149 ರೂಪಾಯಿಗೆ ಬಂತು. ಅದರ ನಿರ್ದೇಶಕರಲ್ಲಿ ಕೇರಳದ ಸನಲ್ ಅಮನ್ ಕೂಡ ಒಬ್ಬರು. ಇಂಥ ಸಾಹಸಿಗಳಲ್ಲಿ ನನ್ನ ಬಿನ್ನಹ ಒಂದೇ: ನೋಡಲು ಮಾತ್ರ ಕೊಡಬೇಡಿ, ಇನ್ನಷ್ಟು ಬೆಲೆ ಹಾಕಿ, ಬೀಗವಿಲ್ಲದ ಪ್ರತಿಯನ್ನು ಮಾರಿರಿ. ನಿಮ್ಮ ತಾಣ ಒಂದು ದಿನ ಮುಚ್ಚಿದರೂ ನಿಮ್ಮ ಕೆಲಸ ನಮ್ಮ ಮನೆಗಳಲ್ಲಿ ಉಳಿಯುತ್ತದೆ.

ನಮ್ಮ ಕೈಯಲ್ಲಿರುವ ಕೆಲಸವೂ ಇದೆ. ಕಾಸರಗೋಡು, ಮಂಜೇಶ್ವರ, ಮಕ್ತಲ್, ಗದ್ವಾಲಗಳ ಕನ್ನಡ ಮನೆಗಳಲ್ಲಿ ಎಷ್ಟು ಕನ್ನಡ ವಿಸಿಡಿ, ಡಿವಿಡಿಗಳಿವೆಯೆಂದು ಒಂದು ಪಟ್ಟಿ ಮಾಡೋಣ. ತಟ್ಟೆಗಳನ್ನು ಬಿಸಿಲು, ಧೂಳಿಗೆ ಬಿಡದೆ ನೆಟ್ಟಗೆ ನಿಲ್ಲಿಸಿಡೋಣ. ಓಡುವ ಒಂದು ಯಂತ್ರವನ್ನು ಊರಿಗೊಂದಾದರೂ ಉಳಿಸೋಣ. ಶಾಲೆಯಲ್ಲಿ ತೋರಿಸುವುದಾದರೆ ನಿರ್ಮಾಪಕರಿಗೆ ಒಂದು ಕಾಗದ ಬರೆದು ಒಪ್ಪಿಗೆ ಪಡೆಯೋಣ. ನೋಡಿದ ಮೇಲೆ ಮಕ್ಕಳು ಜಗಳವಾಡಲಿ, ಮತ್ತೊಮ್ಮೆ ಹಾಕಿರೆಂದು ಕೇಳಲಿ. ಹಾಕಲು ನಮ್ಮ ಹತ್ತಿರ ಚಿತ್ರವಿರಬೇಕು. ಗಡಿನಾಡಿನಲ್ಲಿ ಕನ್ನಡ ವಿಮರ್ಶೆ ಮುಂದುವರಿಯಲು ಸದ್ಯಕ್ಕೆ ಬೇಕಾದದ್ದು ಇಷ್ಟೇ.