ಸೇವ್ ಆಯ್ತು, ಆದ್ರೆ ಯಾರ ಹತ್ರ?

ಹಳೆ ಆಟಗಳನ್ನು ಹೊಸ ಕನ್ಸೋಲಿನಲ್ಲಿ ಆಡುವವರ ಜಗಳವೆಲ್ಲ ಚಿತ್ರದ ಬಗ್ಗೆ. ಪರದೆ ಚೌಕವಾಗಿರಬೇಕೋ ಅಗಲವಾಗಿರಬೇಕೋ, ಹಳೇ ಟಿವಿಯ ಗೆರೆಗಳು ಕಾಣಬೇಕೋ ಬೇಡವೋ. ನನ್ನ ಪ್ರಕಾರ ನಿಜವಾಗಿ ಬದಲಾದದ್ದು ಚಿತ್ರ ಅಲ್ಲ, ಸೇವ್. ನಿಂಟೆಂಡೊ ಸ್ವಿಚ್‌ನಲ್ಲಿ ‘ಸೂಪರ್ ಮಾರಿಯೊ ಬ್ರದರ್ಸ್’ ಆಡುವಾಗ ಮಾರಿಯೊ ಗಾಳಿಯಲ್ಲಿ ನೆಗೆದಿದ್ದರೂ ಸರಿ, ಆಟವನ್ನು ಹಾಗೇ ನಿಲ್ಲಿಸಿ ಎತ್ತಿಡಬಹುದು. ಒಂದೊಂದು ಆಟಕ್ಕೆ ಇಂಥ ನಾಲ್ಕು ಜಾಗ ಕೊಟ್ಟಿದ್ದಾರೆ. 1985ರ ಮೂಲ ಆಟದಲ್ಲಿ ಸೇವ್ ಅನ್ನೋದೇ ಇರಲಿಲ್ಲ.

ಇಳಕಲ್, ಹುನಗುಂದ, ಬಾದಾಮಿ ಕಡೆ ಟಿವಿ ಗೇಮ್ ಆಡಿ ಬೆಳೆದ ನನ್ನಂಥವರಿಗೆ ಇದರ ಬೆಲೆ ಬೇಗ ತಿಳಿಯುತ್ತೆ. ನಮ್ಮ ಮನೆಗಳಲ್ಲಿ ಇದ್ದದ್ದು ಅಸಲಿ ನಿಂಟೆಂಡೊ ಅಲ್ಲ, ಅದರ ನಕಲು. ಕಾರ್ಟ್ರಿಜ್‌ಗೆ ನಾವು ಅಂತಿದ್ದದ್ದು ‘ಕ್ಯಾಸೆಟ್’. ಅದರ ಮೇಲೆ ಸಾವಿರಾರು ಆಟ ಅಂತ ಬರೆದಿರೋದು, ಒಳಗೆ ಅವೇ ನಾಲ್ಕಾರು ಆಟ ಹೆಸರು ಬದಲಿಸಿಕೊಂಡು ಕೂತಿರೋವು. ಎಂಟು ಲೋಕ, ಒಂದೊಂದರಲ್ಲಿ ನಾಲ್ಕು ಹಂತ, ಒಟ್ಟು 32. ಬೇಸಿಗೆಯಲ್ಲಿ ಅಷ್ಟು ಹೊತ್ತು ಕರೆಂಟ್ ಇದ್ದರೆ ತಾನೇ! “ಹೋತಲೇ!” ಅಂತ ಯಾರಾದರೂ ಕೂಗಿದರೆ ಅಲ್ಲಿಗೆ ಮುಗೀತು. ಹಾಗಾಗಿ 1-2ರ ಗೋಡೆಯ ಮೇಲೆ ಓಡಿ 4ನೇ ಲೋಕಕ್ಕೆ ಜಿಗಿಯೋ ವಾರ್ಪ್ ಜೋನೇ ನಮ್ಮ ಸೇವ್ ಆಗಿತ್ತು. ಜಪಾನಿನವರು ಅದನ್ನು ಗುಟ್ಟಿನ ದಾರಿ ಅಂತ ಮಾಡಿಟ್ಟಿದ್ದರು, ನಾವು ಅದನ್ನು ಲೋಡ್ ಶೆಡ್ಡಿಂಗ್‌ಗೆ ಮದ್ದು ಮಾಡಿಕೊಂಡಿದ್ವಿ.

ಆದ್ದರಿಂದ, ಎಲ್ಲೆಂದರಲ್ಲಿ ಸೇವ್ ಮಾಡೋದು ಮೋಸ ಅನ್ನೋ ಶುದ್ಧವಾದಿಗಳ ಮಾತನ್ನು ನಾನು ಒಪ್ಪೋದಿಲ್ಲ. ನಮ್ಮನ್ನು ಆಟದಿಂದ ಎಬ್ಬಿಸುತ್ತಿದ್ದದ್ದು ಬಹಳ ಸಲ ನಮ್ಮ ಕೈಚಳಕದ ಕೊರತೆ ಅಲ್ಲ. ಆಗ ಕರೆಂಟು, ಈಗ ಆಫೀಸಿನ ಮೀಟಿಂಗು. ಅರ್ಧಕ್ಕೆ ಬಿಟ್ಟದ್ದನ್ನು ಅಲ್ಲಿಂದಲೇ ಮುಂದುವರಿಸುವುದು ಆಡುವವನ ಹಕ್ಕು.

ಆದರೆ ಹಳೆ ಆಟಗಳಲ್ಲಿ ತಮ್ಮದೇ ಸೇವ್ ಇದ್ದವೂ ಇವೆ. ಹೊಸ ಯಂತ್ರ ಅದನ್ನು ಹೇಗೆ ನಡೆಸಿಕೊಳ್ಳುತ್ತೆ ಅನ್ನೋದು ಬೇರೆ ಪ್ರಶ್ನೆ. ‘ಲೆಜೆಂಡ್ ಆಫ್ ಜೆಲ್ಡಾ’ ನೋಡಿ. 1987ರಲ್ಲಿ ಅಮೆರಿಕಕ್ಕೆ ಬಂದ ಅದರ ಕಾರ್ಟ್ರಿಜ್ ಒಳಗೆ ಪುಟ್ಟ ಬ್ಯಾಟರಿ ಇತ್ತು. ಪವರ್ ತೆಗೆದರೂ ಸೇವ್ ಉಳಿಯೋದು. ಸೇವ್ ಅಂತ ಕೇಳುವ ಪರದೆ ಬರುತ್ತಿದ್ದದ್ದು ನಾಯಕ ಸತ್ತಾಗ. ಸಾಯದೇ ಅಲ್ಲಿಗೆ ಹೋಗಬೇಕಾದರೆ ಎರಡನೇ ಕಂಟ್ರೋಲರ್ ಹಿಡಿದು ಎರಡು ಗುಂಡಿ ಒಟ್ಟಿಗೆ ಒತ್ತಬೇಕು. ಇನ್ನೂ ಒಂದಿದೆ. ಮತ್ತೆ ಆಟ ತೆರೆದಾಗ ನಿಮ್ಮ ಹೆಸರಿನ ಜೊತೆ ನೀವು ಎಷ್ಟು ಸಲ ಸತ್ತಿರಿ ಅನ್ನೋ ಲೆಕ್ಕವೂ ಕಾಣುತ್ತೆ. ಸೋಲು ಆ ಸೇವ್‌ನ ಭಾಗವೇ ಆಗಿತ್ತು.

2019ರ ಜುಲೈನಲ್ಲಿ ಸ್ವಿಚ್‌ನ ಈ ಆಟಗಳಿಗೆ ರಿವೈಂಡ್ ಬಂತು. ಎರಡು ಗುಂಡಿ ಹಿಡಿದರೆ ಕಾಲ ಹಿಂದಕ್ಕೆ ಸರಿಯುತ್ತೆ, ಸತ್ತವನು ಏಳುತ್ತಾನೆ, ಸಾವಿನ ಲೆಕ್ಕ ಸೊನ್ನೆಯಲ್ಲೇ ಉಳಿಯುತ್ತೆ. ಬಾಗಲಕೋಟೆ ನವನಗರದಲ್ಲಿರೋ ನನ್ನ ಅಕ್ಕನ ಮಗ ಆಡೋದೇ ಹೀಗೆ. “ಮಾಮಾ, ಸಾಯೂದು ಯಾಕ ಬೇಕು? ಹಿಂದಕ್ಕ ಹೋಗೂನು” ಅಂತಾನೆ. ಅವನ ಮಾತಲ್ಲಿ ತಪ್ಪೇನಿಲ್ಲ. ಆದರೆ ಅವನು ಆಡುತ್ತಿರೋದು ಜೆಲ್ಡಾ ಅಲ್ಲ, ಜೆಲ್ಡಾದ ಚಿತ್ರ ಹಚ್ಚಿಕೊಂಡ ಬೇರೆ ಆಟ. ಹೃದಯ ಒಂದೇ ಉಳಿದಾಗ ಮುಂದಿನ ಕೋಣೆಗೆ ಹೋಗಬೇಕೋ ಬೇಡವೋ ಅಂತ ಯೋಚಿಸುವುದೇ ಆ ಆಟದ ಜೀವ. ರಿವೈಂಡ್ ಇದ್ದವನಿಗೆ ಆ ಯೋಚನೆಯ ಅಗತ್ಯವೇ ಬೀಳೋದಿಲ್ಲ.

ಇಷ್ಟಾದರೂ ಅದು ರುಚಿಯ ಮಾತು. ಬೇಡದವರು ಆ ಗುಂಡಿ ಒತ್ತದಿದ್ದರಾಯ್ತು. ನನ್ನ ನಿಜವಾದ ತಕರಾರು ಸೇವ್ ಯಾರ ಹತ್ತಿರ ಉಳಿಯುತ್ತೆ ಅನ್ನೋದರ ಮೇಲೆ. ಸ್ವಿಚ್‌ನಲ್ಲಿ ಈ ಹಳೆ ಆಟಗಳು ಚಂದಾದ ಮೇಲೆ ನಡೆಯುತ್ತವೆ. ಚಂದಾ ಮುಗಿದರೆ ಬಾಗಿಲು ಬಂದ್. ಚಂದಾ ಕಟ್ಟಿದ್ದರೂ ಏಳು ದಿನಕ್ಕೊಮ್ಮೆಯಾದರೂ ಇಂಟರ್‌ನೆಟ್‌ಗೆ ಹಚ್ಚಬೇಕು. ಹಿಂದಿನ ವೀ ಕನ್ಸೋಲಿನಲ್ಲಿ ಇದೇ ಆಟಗಳನ್ನು ದುಡ್ಡು ಕೊಟ್ಟು ಕೊಂಡವರಿದ್ದರು. ಆ ಅಂಗಡಿ 2019ರ ಜನವರಿಯಲ್ಲಿ ಮುಚ್ಚಿತು. ಕೊಂಡ ಆಟವೂ ಸ್ವಿಚ್‌ಗೆ ಬರಲಿಲ್ಲ, ಅದರಲ್ಲಿ ಮಾಡಿಟ್ಟ ಸೇವೂ ಬರಲಿಲ್ಲ. ಸೋನಿಯ ಕಥೆಯೂ ಹಳೆಯದೇ. 2000ದಲ್ಲಿ ಬಂದ ಪ್ಲೇಸ್ಟೇಷನ್ 2, ಮೊದಲ ಪ್ಲೇಸ್ಟೇಷನ್ನಿನ ಡಿಸ್ಕನ್ನು ಓದುತ್ತಿತ್ತು, ಆದರೆ ಆ ಆಟ ಸೇವ್ ಆಗಬೇಕಾದರೆ ಹಳೇ ಮೆಮೊರಿ ಕಾರ್ಡೇ ಬೇಕಿತ್ತು. ಅದು ಆಗ ಕಿರಿಕಿರಿ ಅನಿಸಿದ್ದು ನಿಜ. ಆದರೂ ಆ ಕಾರ್ಡು ನಮ್ಮ ಜೇಬಿನಲ್ಲಿತ್ತು, ಗೆಳೆಯನ ಮನೆಗೆ ಒಯ್ಯಬಹುದಿತ್ತು.

ಮನಸ್ಸಿದ್ದರೆ ಮಾಡಬಹುದು ಅನ್ನೋದಕ್ಕೂ ಉದಾಹರಣೆ ಇದೆ. ಮೈಕ್ರೋಸಾಫ್ಟ್ 2015ರಲ್ಲಿ ಎಕ್ಸ್‌ಬಾಕ್ಸ್ 360ರ ಆಟಗಳನ್ನು ಎಕ್ಸ್‌ಬಾಕ್ಸ್ ಒನ್‌ಗೆ ತಂದಾಗ, ಹಳೆ ಯಂತ್ರದಿಂದ ಕ್ಲೌಡ್‌ಗೆ ಹಾಕಿದ ಸೇವ್ ಹೊಸದರಲ್ಲಿ ತೆರೆಯೋ ಹಾಗೆ ಮಾಡಿತು. ಇಳಕಲ್ ಸೀರೆ ನೇಯುವುದನ್ನು ನೋಡಿದವರಿಗೆ ಈ ಕೆಲಸ ಏನೆಂದು ತಕ್ಷಣ ಅರ್ಥವಾಗುತ್ತೆ. ಸೀರೆಯ ಮೈಗೆ ಒಂದು ಹಾಸು, ಸೆರಗಿಗೆ ಇನ್ನೊಂದು ಹಾಸು. ಮೈ ಹತ್ತಿಯದಾದರೂ ಸೆರಗು ರೇಷ್ಮೆ. ಎರಡನ್ನೂ ಎಳೆ ಎಳೆಯಾಗಿ ಕುಣಿಕೆ ಹಾಕಿ ಕೂಡಿಸಿದ ಮೇಲೇ ನೇಯ್ಗೆ ಮುಂದುವರಿಯೋದು. ಬೇಸರದ ಕೆಲಸ, ಹೊತ್ತು ತಿನ್ನುವ ಕೆಲಸ. ಆದರೆ ಆ ಕೂಡಿಕೆ ಇಲ್ಲದಿದ್ದರೆ ಅದು ಇಳಕಲ್ ಸೀರೆಯೇ ಅಲ್ಲ. ಹಳೆ ಕನ್ಸೋಲಿಗೂ ಹೊಸದಕ್ಕೂ ನಡುವೆ ಕಂಪನಿಗಳು ತಪ್ಪಿಸಿಕೊಳ್ಳುತ್ತಿರೋದು ಈ ಕುಣಿಕೆ ಹಾಕುವ ಕೆಲಸವನ್ನೇ.

ಅದು ಭಾರಿ ಖರ್ಚಿನದ್ದೂ ಅಲ್ಲ. ಜೆಲ್ಡಾ ಕಾರ್ಟ್ರಿಜ್‌ನ ಬ್ಯಾಟರಿ ಕಾಯುತ್ತಿದ್ದ ಮೆಮೊರಿ ಬರೀ 8 ಕಿಲೋಬೈಟ್. ನಿಮ್ಮ ಫ್ಯಾಮಿಲಿ ಗ್ರೂಪಿಗೆ ದಿನಾ ಬೆಳಿಗ್ಗೆ ಬರೋ ಗುಡ್ ಮಾರ್ನಿಂಗ್ ಫೋಟೊ ಅದಕ್ಕಿಂತ ಎಷ್ಟೋ ಪಟ್ಟು ದೊಡ್ಡದು. ಅಷ್ಟು ಚಿಕ್ಕದನ್ನು ಒಂದು ಫೈಲ್ ಮಾಡಿ ಆಡಿದವನ ಕೈಗೆ ಕೊಡೋಕೆ ಏನು ಕಷ್ಟ? ಕಷ್ಟ ತಂತ್ರಜ್ಞಾನದ್ದಲ್ಲ. ಸೇವ್ ಕೈಗೆ ಬಂದರೆ ಚಂದಾ ಬಿಡೋದು ಸುಲಭವಾಗುತ್ತೆ, ಅಷ್ಟೇ.

ಹಾಗಾಗಿ ಹೊಸ ಕನ್ಸೋಲಿನ ಹಳೆ ಆಟಗಳಿಗೆ ನನ್ನ ಅಂಕ ಹೀಗೆ: ನಡುವೆ ನಿಲ್ಲಿಸುವ ಸೌಕರ್ಯಕ್ಕೆ ಪೂರ್ತಿ, ರಿವೈಂಡ್‌ಗೆ ಅರ್ಧ, ಸೇವ್ ಹೊರಗೆ ಒಯ್ಯಲು ಬಿಡದ್ದಕ್ಕೆ ಸೊನ್ನೆ. ಕೊಳ್ಳುವ ಮೊದಲು ಆಟಗಳ ಪಟ್ಟಿ ಎಷ್ಟು ಉದ್ದ ಅಂತ ಎಲ್ಲರೂ ಕೇಳ್ತಾರೆ. ನೀವು ಇನ್ನೊಂದು ಪ್ರಶ್ನೆ ಕೇಳಿ: ನಾಳೆ ಇದನ್ನು ಬಿಟ್ಟರೆ, ನಾನು ಆಡಿದ್ದು ನನ್ನ ಜೊತೆ ಬರುತ್ತಾ?